ಕ್ಲಿನಿಕಲ್ ಆಗಲಾರದ ಅಂಜನಕುಮಾರ

ಬಾತಿಯ ಅಂಜನಕುಮಾರ ಸೈಕಾಲಜಿ ಓದಿದ್ದು ಯಾವ ಜ್ಞಾನೋದಯದಿಂದಲೂ ಅಲ್ಲ. ದಾವಣಗೆರೆಯ ಕಾಲೇಜಿಗೆ ಬಿ.ಎ. ಸೇರಲು ಹೋದ ದಿನ ಅರ್ಥಶಾಸ್ತ್ರ ಭರ್ತಿಯಾಗಿತ್ತು, ಇದು ಖಾಲಿ ಇತ್ತು, ಅಷ್ಟೆ. ಆದರೆ ಹಿರಿಯರು ನೋಡಿ ಮಾಡಿದ ಮದುವೆಯಲ್ಲೂ ಪ್ರೀತಿ ಹುಟ್ಟುವುದಿಲ್ಲವೇ? ಅವನಿಗೂ ಆ ವಿಷಯದ ಮೇಲೆ ಜೀವ ಬಿತ್ತು. ಎಂ.ಎಸ್ಸಿ. ಮಾಡಲು ಮೈಸೂರಿಗೆ ಹೋದ. ಅಲ್ಲಿ ಮೇಷ್ಟ್ರೊಬ್ಬರು, ಮುಂದೆ ಯಾರು ಏನಾಗಬಹುದು ಎಂದು ವಿವರಿಸಿದರು. ಶಾಲೆಗೆ ಒಬ್ಬ, ಕಾರ್ಖಾನೆಗೆ ಒಬ್ಬ, ಪೊಲೀಸು ಕೋರ್ಟುಗಳಿಗೆ ಒಬ್ಬ, ಆಟಗಾರರ ಬೆನ್ನಿಗೆ ಒಬ್ಬ, ಹೀಗೆ ಸೈಕಾಲಜಿಯವರಲ್ಲೂ ಒಳಜಾತಿಗಳಿವೆ. ಅಂಜನಕುಮಾರನಿಗೆ ಹಿಡಿಸಿದ್ದು ಕ್ಲಿನಿಕಲ್. ನೊಂದ ಮನಸ್ಸಿನ ಎದುರು ಕೂತು, ಮಾತು ಕೇಳಿ, ಇದು ಕಾಯಿಲೆ, ಇದು ಕಾಯಿಲೆ ಅಲ್ಲ ಎಂದು ಬರೆದುಕೊಡುವ ಅಧಿಕಾರ ಇರುವುದು ಆ ಒಳಜಾತಿಯವರಿಗೆ.

ಅಧಿಕಾರ ಪುಕ್ಕಟೆ ಬರುತ್ತದೆಯೇ? ಎಂ.ಎಸ್ಸಿ. ಆದ ಮೇಲೆ ಮತ್ತೆ ಆಸ್ಪತ್ರೆಯಲ್ಲಿ ತರಬೇತಿ, ಅದಾದ ಮೇಲೆ ದಿಲ್ಲಿಯ ಪರಿಷತ್ತಿನಲ್ಲಿ ನೋಂದಣಿ. ಸೀಟುಗಳು ಬೆರಳೆಣಿಕೆಯಷ್ಟು, ಬರೆಯುವವರು ಜಾತ್ರೆಯಷ್ಟು. ಮೊದಲ ಸಲ ಅವನು ಹತ್ತಿರಕ್ಕೂ ಹೋಗಲಿಲ್ಲ. ಎರಡನೇ ಸಲ ಸಂದರ್ಶನದ ತನಕ ಹೋಗಿ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಮದುವೆಯಾಗಿ ಮಗಳು ಹುಟ್ಟಿದ್ದಳು. ಮುಂದಿನ ವರ್ಷ ಬರೆದರಾಯಿತು ಎನ್ನುತ್ತಲೇ ವರ್ಷಗಳು ಹೋದವು.

ಮೊದಲು ದಾವಣಗೆರೆಯಲ್ಲಿ ಕುಡಿತ ಬಿಡಿಸುವ ಒಂದು ಕೇಂದ್ರದಲ್ಲಿ ಕೆಲಸ ಮಾಡಿದ. ಅಲ್ಲಿ ಅವನ ಮುಖ್ಯ ಕೆಲಸ ಓಡಿಹೋಗುವವರನ್ನು ಗೇಟಿನಲ್ಲಿ ಹಿಡಿಯುವುದಾಗಿತ್ತು. ಆಮೇಲೆ ಒಂದು ಪಿಯು ಕಾಲೇಜಿಗೆ ಆಪ್ತ ಸಲಹೆಗಾರನಾದ. ಅಲ್ಲಿ ಅಪ್ಪಂದಿರು ಅಳುವ ಮಕ್ಕಳನ್ನು ತಂದು ಮುಂದೆ ಕೂರಿಸಿ, "ಸ್ವಲ್ಪ ಬುದ್ಧಿ ಹೇಳ್ರಿ ಸಾರ್, ನಾವು ಹೇಳಿದ್ರೆ ಕೇಳಲ್ಲ" ಎನ್ನುತ್ತಿದ್ದರು. ಕೊನೆಗೆ ಹರಿಹರದ ಹೊಳೆದಂಡೆಯ ಎರಕದ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಕ್ಷೇಮ ಅಧಿಕಾರಿಯ ಹುದ್ದೆ ಸಿಕ್ಕಿತು. ಸೈಕಾಲಜಿ ಓದಿದವರೇ ಬೇಕು ಎಂದು ಕೇಳಿದ್ದರಿಂದ ಹೋದ. ಕೊಟ್ಟ ಕೆಲಸ ರಜೆ ಹಾಕಿದವರ ಕಾರಣ ವಿಚಾರಿಸುವುದು. ಊರಿನಲ್ಲಿ ಅವನ ತಾಯಿ ಭೀಮವ್ವ ಮಾತ್ರ, "ನಮ್ಮ ಹುಡುಗ ತಲೆ ಡಾಕ್ಟ್ರು, ಸೂಜಿ ಒಂದು ಹಾಕಲ್ಲ ಅಷ್ಟೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಅದೇ ಕಾರ್ಖಾನೆಯಲ್ಲಿ ಭೀಮವ್ವನ ತಮ್ಮ, ಅಂಜನಕುಮಾರನ ಸೋದರಮಾವ ಹುಲಿಯಪ್ಪ ಕ್ರೇನ್ ನಡೆಸುತ್ತಿದ್ದ. ಕೊಂಡಜ್ಜಿಯ ಮನುಷ್ಯ. ಕರಗಿದ ಕಬ್ಬಿಣ ತುಂಬಿದ ತೊಟ್ಟಿಯನ್ನು ಮೇಲಿನಿಂದ ಎತ್ತಿ, ಜನರ ತಲೆಯ ಮೇಲೆ ದಾಟಿಸಿ, ಅಚ್ಚುಗಳ ಹತ್ತಿರ ಇಳಿಸಬೇಕು. ಏಣಿ ಹತ್ತಿ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತರೆ ಪಾಳಿ ಮುಗಿಯುವವರೆಗೆ ಒಬ್ಬನೇ. ಅವನ ಕೈಯಲ್ಲಿ ಒಂದು ಹನಿಯೂ ಚೆಲ್ಲಿದ್ದಿಲ್ಲ. ಅವನ ಹೆಂಡತಿ ಯಲ್ಲಕ್ಕ ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ಮೇಲೆ ಹುಲಿಯಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ.

ಆ ವರ್ಷ ಕಂಪನಿಯ ಇನ್ನೊಂದು ಊರಿನ ಘಟಕದಲ್ಲಿ ಅಪಘಾತವಾಯಿತು. ಅಪಾಯದ ಕೆಲಸದವರಿಗೆಲ್ಲ ಮನಸ್ಸಿನ ಪರೀಕ್ಷೆ ಮಾಡಬೇಕೆಂದು ಮೇಲಿನಿಂದ ಆಜ್ಞೆ ಬಂತು. ಹೇಳಿಕೆಗಳನ್ನು ಓದಿ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಿದರೆ ಕಂಪ್ಯೂಟರು ಒಂದು ಬಣ್ಣ ಹೇಳುತ್ತದೆ. ಹಸಿರು ಬಂದರೆ ಸರಿ, ಹಳದಿ ಬಂದರೆ ಬರೀ ಎಚ್ಚರಿಕೆ, ಕೆಂಪು ಬಂದರೆ ಕೆಲಸದಿಂದ ಕೆಳಗೆ. ನಡೆಸುವ ಹೊಣೆ ಅಂಜನಕುಮಾರನದು. ಅವನಿಗೆ ಖುಷಿಯೇ ಆಯಿತು, ಅಂತೂ ಓದಿದ್ದಕ್ಕೆ ಹತ್ತಿರದ್ದೊಂದು ಕೆಲಸ ಸಿಕ್ಕಿತಲ್ಲ. ಕ್ಯಾಂಟೀನಿನಲ್ಲಿ ನಿಂತು, "ಇದರಾಗೆ ಪಾಸು ಫೇಲು ಇಲ್ಲ. ಮನಸ್ಸಿನಾಗೆ ಇರೋದು ಬರೀರಿ, ಯಾರಿಗೂ ತೊಂದರೆ ಆಗಲ್ಲ" ಎಂದು ಭಾಷಣ ಮಾಡಿದ. ಕಾಯಿಲೆ ಇಲ್ಲದವರಿಗೆ ಕೆಂಪು ಬರುವುದಿಲ್ಲ ಎಂದು ಅವನು ನಂಬಿಯೂ ಇದ್ದ.

ನಂಬದವರು ಕಾರ್ಮಿಕರು. ಪರೀಕ್ಷೆ ಅಂದ ಮೇಲೆ ಕೀ ಉತ್ತರ ಇರಲೇಬೇಕು ಎಂಬುದು ಆ ಸೀಮೆಯ ನಂಬಿಕೆ. ದಾವಣಗೆರೆಯ ಕೋಚಿಂಗ್ ಕಾಲೇಜುಗಳಿಗೆ ಮಕ್ಕಳನ್ನು ಕಳಿಸಿ ಕಳಿಸಿ ಅಪ್ಪಂದಿರೂ ಅದನ್ನು ಕಲಿತಿದ್ದಾರೆ. ಮೊದಲ ಪಾಳಿಯವರು ಒಳ್ಳೆಯದೆನಿಸಿದ್ದಕ್ಕೇ ಗುರುತು ಹಾಕಿ ಹೊರಗೆ ಬಂದು ನೆನಪಿದ್ದ ಪ್ರಶ್ನೆಗಳನ್ನು ಗೇಟಿನ ಮುಂದಿನ ಚಹಾದಂಗಡಿಯಲ್ಲಿ ಹೇಳಿದರು. ಸಂಜೆಯೊಳಗೆ ಕೀ ತಯಾರಾಗಿ ಎಲ್ಲರ ಮೊಬೈಲಿಗೂ ಹೋಯಿತು. ಸಿಟ್ಟು ಬರುತ್ತದೆಯೇ? ಇಲ್ಲ. ನಿದ್ದೆ ಬರುತ್ತದೆಯೇ? ಹೌದು. ಕಂಪನಿಯ ಮೇಲೆ ಪ್ರೀತಿ ಇದೆಯೇ? ತುಂಬಾ. ಎರಡನೇ ಪಾಳಿಯಿಂದ ಮುಂದಕ್ಕೆ ಬರೆದವರೆಲ್ಲ ಸಾಧು ಸಂತರಾಗಿಬಿಟ್ಟರು.

ಹುಲಿಯಪ್ಪನ ಸರದಿ ಮರುದಿನ ಇತ್ತು. ಅವತ್ತು ಪಾಳಿ ಮುಗಿಸಿ ನೇರ ಬಾತಿಗೆ ಬಂದ. ಅಕ್ಕ ಕೊಟ್ಟ ಚಹಾ ಕುಡಿದು, ಅಳಿಯನನ್ನು ಪಕ್ಕಕ್ಕೆ ಕರೆದ.

"ಎಲ್ಲಾರೂ ಬಾಯಿಪಾಠ ಮಾಡಾಕ ಹತ್ಯಾರ. ನಾನೂ ಮಾಡ್ಲೇನು?"

ಅಂಜನಕುಮಾರನಿಗೆ ಕೀ ಉತ್ತರದ ಸುದ್ದಿ ಗೊತ್ತಾದದ್ದೇ ಆಗ. ಸಿಟ್ಟು ಬಂತು. ಅದು ಓದಿದವನ ಸಿಟ್ಟು. ತಾನು ಗೌರವಿಸುವುದನ್ನು ಬೇರೆಯವರು ಚಹಾದಂಗಡಿಗೆ ಎಳೆದಾಗ ಬರುವಂಥದ್ದು.

"ಬ್ಯಾಡ ಮಾವ. ಅವ್ರು ಮಾಡಿದ್ರು ಅಂತ ನೀನೂ ಮಾಡಬ್ಯಾಡ. ಇದ್ದದ್ದು ಇದ್ದಂಗೆ ಬರಿ. ನಾನಿದೀನಲ್ಲ."

"ನೀನು ಹೇಳಿದ ಮೇಲೆ ಮುಗೀತು ಬಿಡು" ಎಂದು ಹುಲಿಯಪ್ಪ ಎದ್ದ. ಮರುದಿನ ಕ್ಯಾಂಟೀನಿನಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದ.

ಉಳಿದವರಿಗೆಲ್ಲ ಹಸಿರು ಬಂತು. ಕುಡಿತ ಬಿಡಿಸುವ ಕೇಂದ್ರದಲ್ಲಿ ಅಂಜನಕುಮಾರನೇ ಗೇಟಿನಲ್ಲಿ ಹಿಡಿದಿದ್ದ ಕುಲುಮೆಯವನಿಗೂ ಹಸಿರು. ಕೆಂಪು ಬಂದದ್ದು ಹುಲಿಯಪ್ಪನೊಬ್ಬನಿಗೇ. ನಿದ್ದೆ ಕಡಿಮೆ, ಬದುಕು ಬೇಸರ, ಅಷ್ಟಾಗಿದ್ದರೆ ಹಳದಿಯಲ್ಲಿ ಮುಗಿಯುತ್ತಿತ್ತು. ಆದರೆ 'ಬೇರೆಯವರಿಗೆ ಕೇಳದ ದನಿ ನನಗೆ ಕೇಳುತ್ತದೆ' ಎಂಬ ಹೇಳಿಕೆಯ ಮುಂದೆ ಅವನು ಹೌದು ಎಂದು ದಪ್ಪಗೆ ಗುರುತು ಹಾಕಿದ್ದ.

ಅಂಜನಕುಮಾರ ಮಾವನನ್ನು ತನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿದ. ಹುಲಿಯಪ್ಪ ಸಂಕೋಚವಿಲ್ಲದೆ ಹೇಳಿದ.

"ನಿಮ್ಮತ್ತೆ ಕರೀತಾಳೆ. ಮೇಲೆ ಕ್ಯಾಬಿನ್ನಿನಾಗೆ ಕುಂತಾಗ, ಊಟದ ಹೊತ್ತಿಗೆ. ಉಂಡ್ಯಾ ಅಂತಾಳೆ, ಅಷ್ಟೆ. ಮನ್ಯಾಗೆ ಕರಿಯಲ್ಲ. ಹೊಲದಾಗೂ ಇಲ್ಲ. ಅಲ್ಲೊಂದೇ ಕೇಳೋದು."

"ಹೆದರಿಕೆ ಆಗುತ್ತಾ ಮಾವ?"

"ಹೆಂಡ್ತಿ ಉಂಡ್ಯಾ ಅಂದ್ರೆ ಯಾಕ ಹೆದರಿಕೆ? ಹೂಂ ಅಂತೀನಿ, ಬುತ್ತಿ ಬಿಚ್ತೀನಿ."

ಸತ್ತವರ ದನಿ ಕೇಳುವುದು ದುಃಖದಲ್ಲಿ ಇರುವವರಿಗೆ ಸಾಮಾನ್ಯ. ಅದು ಹುಚ್ಚಲ್ಲ, ಅಂಜನಕುಮಾರ ಅದನ್ನು ಪುಸ್ತಕದಲ್ಲಿ ಓದಿದ್ದ, ಈಗ ಎದುರಿಗೇ ಕಂಡ. ಮೇಸ್ತ್ರಿಯನ್ನು ವಿಚಾರಿಸಿದಾಗ ಅವನು, ಹುಲಿಯಪ್ಪನ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ ಎಂದ. ಅಂಜನಕುಮಾರ ಧೈರ್ಯ ಮಾಡಿ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಶ್ರೀನಿವಾಸ ಅವರ ಬಳಿಗೆ ಹೋದ.

ಎಲ್ಲವನ್ನೂ ಕೇಳಿಸಿಕೊಂಡ ಶ್ರೀನಿವಾಸ, "ಕಾಯಿಲೆ ಅಲ್ಲ ಅಂತ ರೈಟಿಂಗಿನಲ್ಲಿ ಕೊಡ್ತೀರಾ?" ಎಂದರು.

"ಕೊಡ್ತೀನಿ ಸಾರ್."

"ನೀವು ಕ್ಲಿನಿಕಲ್ಲಾ?"

"ಅಲ್ಲ ಸಾರ್."

"ಮತ್ತೆ ನಿಮ್ಮ ಸಹಿಗೆ ಏನು ವ್ಯಾಲ್ಯೂ? ನಾಳೆ ತೊಟ್ಟಿ ಜಾರಿದರೆ ನನ್ನನ್ನ ಕೇಳ್ತಾರೆ. ಒಂದು ರೀಟೆಸ್ಟ್ ಐತೆ, ಕೊಡಿಸ್ರಿ. ಮತ್ತೆ ರೆಡ್ ಬಂದ್ರೆ ಅವ್ರು ಗೇಟಿನಾಗೆ ಕೂಡ್ಲಿ. ಸಂಬಳ ಏನೂ ಕಮ್ಮಿ ಮಾಡಲ್ಲ."

ದೊಡ್ಡಾಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಬರೆಸಿಕೊಂಡು ಬರೋಣ ಎಂದು ಅವನು ಮಾವನನ್ನು ಬೇಡಿಕೊಂಡ. ಹುಲಿಯಪ್ಪ ಖಡಾಖಂಡಿತ ಒಲ್ಲೆ ಎಂದ. ಆ ವಾರ್ಡಿನ ಮುಂದೆ ಒಂದು ಗಳಿಗೆ ಕೂತರೆ ಸಾಕು, ಕೊಂಡಜ್ಜಿಯಲ್ಲಿ ಹುಲಿಯಪ್ಪ ಹುಚ್ಚಹುಲಿಯಪ್ಪ ಆಗುತ್ತಾನೆ, ಆ ಹೆಸರು ಮೊಮ್ಮಕ್ಕಳ ತನಕ ಬರುತ್ತದೆ. ಎಲ್ಲರೂ ಕೀ ನೋಡಿ ಬರೆದರು ಎಂದು ಹೇಳಿ ಪರೀಕ್ಷೆಯನ್ನೇ ರದ್ದು ಮಾಡಿಸಬಹುದಿತ್ತು. ಆಗ ಇಡೀ ಕಾರ್ಖಾನೆ ತಿರುಗಿ ಬೀಳುತ್ತಿತ್ತು, ಚಾಡಿ ಹೇಳಿದವನೆನಿಸಿಕೊಂಡು ಹುಲಿಯಪ್ಪ ನಾಲ್ಕು ಜನರ ನಡುವೆ ತಲೆ ಎತ್ತುವ ಹಾಗಿರಲಿಲ್ಲ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅಂಜನಕುಮಾರನಿಗೆ ನಿಲ್ಲಲು ನಡುವೆ ಜಾಗವೂ ಇರಲಿಲ್ಲ. ಮನೆಯಲ್ಲಿ ಭೀಮವ್ವ ತಟ್ಟೆ ಇಡುವಾಗ ಮುಖ ನೋಡದೆ, "ನಂಬಿ ಬಂದೋನಿಗೆ ಹಿಂಗ ಮಾಡೋದಾ?" ಎಂದಳು.

ಹುಲಿಯಪ್ಪ ಬೇಡಿದ್ದು ಒಂದೇ.

"ಗೇಟಿಗೆ ಹಾಕಿದ್ರೆ ಹಾಕ್ಲಿ ಅಂತಿದ್ದೆ. ಆದ್ರೆ ಅಲ್ಲಿ ಆಕಿ ಬರಲ್ಲಪ್ಪ. ನನ್ನ ಕೆಳಗ ಇಳಿಸಬ್ಯಾಡ."

ಮರುಪರೀಕ್ಷೆಯ ಹಿಂದಿನ ಸಂಜೆ ಅಂಜನಕುಮಾರ ಕೊಂಡಜ್ಜಿಗೆ ಹೋದ. ಕೆರೆ ಏರಿಯ ಮೇಲೆ ಮಾವನನ್ನು ಕೂರಿಸಿಕೊಂಡು, ಚಹಾದಂಗಡಿಯ ಅದೇ ಕೀಯನ್ನು ಮೊಬೈಲಿನಲ್ಲಿ ತೆರೆದ. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಒಂದೊಂದೇ ಹೇಳಿಸಿದ. ಯಾವ ಕಳ್ಳತನವನ್ನು ಕಂಡು ಸಿಟ್ಟಿಗೆದ್ದಿದ್ದನೋ ಅದಕ್ಕೆ ತಾನೇ ಮೇಷ್ಟ್ರಾಗಿ ಕೂತದ್ದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು. ಹುಲಿಯಪ್ಪ ವಿಧೇಯನಾಗಿ ಹೌದು, ಇಲ್ಲ ಅನ್ನುತ್ತಾ ಬಂದ.

"ಬೇರೆಯವರಿಗೆ ಕೇಳದ ದನಿ ನನಗೆ ಕೇಳುತ್ತದೆ."

ಹುಲಿಯಪ್ಪ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡ.

"ಇಲ್ಲ ಅನ್ನು ಮಾವ."

"ನಾಳೆ ಅಂತೀನಿ ಬಿಡು."

"ನಾಳೆ ತಡವರಿಸಿದ್ರೆ ಕೆಲಸ ಕೆಡುತ್ತೆ. ಈಗ ಒಂದ್ಸಲ ಅಂದುಬಿಡು."

ಹುಲಿಯಪ್ಪ ಟವಲಿನಿಂದ ಮುಖ ಒರೆಸಿಕೊಂಡ. ನೀರಿನ ಕಡೆ ತಿರುಗಿ, "ಇಲ್ಲ. ನನಗ್ಯಾವ ದನೀನೂ ಕೇಳಲ್ಲ" ಎಂದ. ಅಂಜನಕುಮಾರ ಮುಂದಿನ ಪ್ರಶ್ನೆಗೆ ಹೋದ.

ಹಸಿರು ಬಂತು. ಹುಲಿಯಪ್ಪ ಕ್ರೇನಿನಿಂದ ಇಳಿಯಲಿಲ್ಲ. ಶ್ರೀನಿವಾಸ ಅಂಜನಕುಮಾರನನ್ನು ಕರೆದು, ಮಾವನಿಗೆ ಒಳ್ಳೆಯ ಕೌನ್ಸೆಲಿಂಗ್ ಮಾಡಿದಿರಿ ಎಂದು ಬೆನ್ನು ತಟ್ಟಿದರು. ಇನ್ನು ಪ್ರತಿ ವರ್ಷ ಈ ಪರೀಕ್ಷೆ ನಡೆಯುತ್ತದೆ, ನೀವೇ ನಡೆಸಬೇಕು ಎಂದೂ ಹೇಳಿದರು. ಕ್ಲಿನಿಕಲ್ ಪ್ರವೇಶದ ಅರ್ಜಿಗೆ ಅದೇ ವಾರ ಕೊನೆಯ ದಿನವಿತ್ತು. ಪ್ರವೇಶ ಪರೀಕ್ಷೆಗೆಂದು ರಜೆ ಕೇಳಲು ಹೋದವನು ಕೇಳದೆ ವಾಪಸು ಬಂದ, ಅರ್ಜಿಯನ್ನೂ ಹಾಕಲಿಲ್ಲ. ತಾನು ಬಿಟ್ಟು ಹೋದರೆ, ಬರುವ ವರ್ಷ ಹುಲಿಯಪ್ಪನ ಎದುರು ಬೇರೆ ಯಾರೋ ಕೂರುತ್ತಾರಲ್ಲ ಎಂಬ ಯೋಚನೆ ಅವನ ಕಾಲು ಹಿಡಿದಿತ್ತು.

ಕೆಲವು ದಿನಗಳಾದ ಮೇಲೆ ಹರಿಹರದ ಬಸ್ ನಿಲ್ದಾಣದಲ್ಲಿ ಹುಲಿಯಪ್ಪ ಸಿಕ್ಕ. ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಚೀಲ ಭಾರವಾಗಿಯೇ ಇತ್ತು.

"ಉಣ್ಣಲಿಲ್ಲೇನು ಮಾವ?"

"ಹೊತ್ತು ಗೊತ್ತಾಗಲ್ಲ ಈಗ" ಎಂದ ಹುಲಿಯಪ್ಪ. "ನಿಮ್ಮತ್ತೆ ಕರಿಯಾದು ಬಿಟ್ಳು. ಅವತ್ತು ಏರಿ ಮ್ಯಾಲೆ ಕೇಳಲ್ಲ ಅಂದೆ ನೋಡು. ಅವತ್ತಿಂದ ಇಲ್ಲ."

ದಿನ ಕಳೆದಂತೆ ದುಃಖ ಮಾಗುತ್ತದೆ, ದನಿ ತಾನಾಗಿಯೇ ನಿಲ್ಲುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಂಜನಕುಮಾರ ಹೇಳಬಹುದಿತ್ತು. ಪುಸ್ತಕದಲ್ಲಿ ಹಾಗೆಯೇ ಇದೆ.

ಹುಲಿಯಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ದೂರು ಇರಲಿಲ್ಲ. ಈಗಲೂ ನಂಬಿಕೆಯೇ ಇತ್ತು.

"ನೀನು ಓದಿದೋನು, ನೀನೇ ಹೇಳು. ಕೇಳುತ್ತೆ ಅಂತ ಮತ್ತೆ ಬರೆದುಕೊಟ್ರೆ ಬರ್ತಾಳೇನು?"

ದಾವಣಗೆರೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾತಿ, ಬಾತಿ ಎಂದು ಕೂಗಿದ. ಅಂಜನಕುಮಾರ ಹತ್ತಲಿಲ್ಲ. ಮಾವನ ಪಕ್ಕದಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದ.