ಸಾವಿರದೆಂಟುನೂರು ಸುತ್ತು

ತೀರ್ಥಮ್ಮ ಷಡಕ್ಷರಿಯನ್ನು ಮೊದಲು ನೋಡಿದ್ದು ಎಪ್ಪತ್ತೇಳನೇ ಇಸವಿಯ ಕಾರ್ತಿಕದಲ್ಲಿ, ಶಿವನಿಯಿಂದ ಅಜ್ಜಂಪುರಕ್ಕೆ ಹೋಗುವ ರೈಲಿನಲ್ಲಿ. ಅವಳ ಕಾಲ ಬಳಿ ಎರಡು ಚೀಲಗಳಿದ್ದವು, ಎರಡರಲ್ಲೂ ಹತ್ತಿಯ ಬತ್ತಿ. ಅಜ್ಜಂಪುರದ ಮಲ್ಲಿಕಾಂಬ ಎಂಬುವರು ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಹೊತ್ತವರು ಅವರು, ಹೊಸೆದವಳು ಇವಳು. ಗಂಡ ತೀರಿಕೊಂಡ ಮೇಲೆ ಶಿವನಿಯ ಮೈದುನನ ಮನೆಯಲ್ಲಿದ್ದ ತೀರ್ಥಮ್ಮನಿಗೆ ಸುತ್ತಲ ಊರುಗಳಿಂದ ಇಂಥ ಕೆಲಸ ಬರುತ್ತಿತ್ತು.

ಎದುರಿನ ಸೀಟಿನಲ್ಲಿ ಮೂವತ್ತೈದರ ಸಣಕಲು ಮನುಷ್ಯನೊಬ್ಬ ಬೆನ್ನು ಬಿಚ್ಚಿದ ರೇಡಿಯೋವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ರೇಡಿಯೋ ಬಿಟ್ಟು ಚೀಲಗಳನ್ನೇ ನೋಡುತ್ತಿದ್ದ.

“ಅಕ್ಕಾ, ಎಷ್ಟಿವೆ ಅದ್ರಲ್ಲಿ?”

“ಲಕ್ಷ.”

“ಹೆಚ್ಚೂಕಮ್ಮಿ ಲಕ್ಷವೋ, ಲಕ್ಷ ಅಂದ್ರೆ ಲಕ್ಷವೇನಾ?”

“ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಅನುಮಾನ ಇದ್ರೆ ಎಣಿಸ್ಕೋ.”

ಅವನು ನಿಜವಾಗಿಯೂ ಒಂದು ಕಟ್ಟು ಎತ್ತಿಕೊಂಡು ಎಣಿಸಿದ. ನೂರಿದ್ದವು. ಇನ್ನೊಂದು ಎತ್ತಿದ. ತೊಂಬತ್ತೊಂಬತ್ತು ಎಂದು ಗೆದ್ದವನ ಹಾಗೆ ತಲೆ ಎತ್ತಿದ. ತೀರ್ಥಮ್ಮ ಅವನ ಅಂಗಿಯ ತೋಳಿಗೆ ಅಂಟಿಕೊಂಡಿದ್ದ ಒಂದು ಬತ್ತಿಯನ್ನು ಬಿಡಿಸಿ ಕಟ್ಟಿಗೆ ಸೇರಿಸಿದಳು.

ಲೆಕ್ಕ ಹೇಗೆ ಇಡುತ್ತೀರಿ ಎಂದು ಕೇಳಿದ. ಅವಳು ಹೇಳಿದಳು: ನೂರಕ್ಕೊಂದು ಹುಣಸೆಬೀಜ ಎಡಗಡೆ ಬಟ್ಟಲಿಗೆ, ಎಡಗಡೆ ಹತ್ತಾದರೆ ಅಷ್ಟನ್ನೂ ತೆಗೆದು ಬಲಗಡೆ ಬಟ್ಟಲಿಗೆ ಒಂದು.

“ಕಂಪ್ಯೂಟರ್ ಮಾಡೋದೂ ಇದನ್ನೇ ಕಣಕ್ಕ. ಅಮೆರಿಕದಲ್ಲಿ ಇದಕ್ಕೇ ಅಂತ ಒಂದು ಕೋಣೆ ತುಂಬ ಮಿಷನ್ನು ಇಟ್ಕೊಂಡಿದಾರೆ.”

“ಅಲ್ಲಿ ಹುಣಸೆಮರ ಇಲ್ವೇನೋ, ಪಾಪ,” ಎಂದಳು ತೀರ್ಥಮ್ಮ.

ಅಜ್ಜಂಪುರದಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಒಂದು ಕೆಲಸ ಸಿಕ್ಕಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಷಡಕ್ಷರಿಯ ಅಂಗಡಿ. ರೇಡಿಯೋ ರಿಪೇರಿ ಮಾಡುತ್ತಿದ್ದ, ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಬೇಸಗೆಯಲ್ಲಿ ವೋಲ್ಟೇಜು ಇಳಿದರೆ ರೈತರ ಸ್ಟಾರ್ಟರಿನೊಳಗಿನ ಕಾಯಿಲು ಸುಡುತ್ತಿತ್ತು. ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರದೆಂಟುನೂರು ಸುತ್ತು ಸುತ್ತಬೇಕು, ಕಮ್ಮಿಯಾದರೆ ಕಾದು ಮತ್ತೆ ಸುಡುತ್ತದೆ. ಷಡಕ್ಷರಿಯ ಕೈ ಚೆನ್ನಾಗಿತ್ತು. ಆದರೆ ಏಳುನೂರನೇ ಸುತ್ತಿಗೆ ಅವನಿಗೊಂದು ಅಭಿಪ್ರಾಯ ಹೊಳೆಯುತ್ತಿತ್ತು, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎಣಿಕೆ ಮರೆಯುತ್ತಿತ್ತು. ತೀರ್ಥಮ್ಮ ದಿನಾ ರೈಲಿನಲ್ಲಿ ಬಂದು, ಅಂಗಡಿಯ ಮುಂದಿನ ಹಲಗೆಯ ಮೇಲೆ ಎರಡು ಬಟ್ಟಲಿಟ್ಟುಕೊಂಡು ಕೂತು ಸುತ್ತತೊಡಗಿದಳು. ಸುತ್ತುವಾಗ ಅವಳ ಕಿವಿಗೆ ಮಾತು ಬೀಳುತ್ತಿತ್ತು, ಎಣಿಕೆಗೆ ತಾಗುತ್ತಿರಲಿಲ್ಲ.

ಮಾತಿಗೇನೂ ಬರವಿರಲಿಲ್ಲ. ಷಡಕ್ಷರಿಗೆ ಮದರಾಸಿನಿಂದ ಟಪಾಲಿನಲ್ಲಿ ಇಂಗ್ಲಿಷ್ ಪತ್ರಿಕೆಯೊಂದು ಬರುತ್ತಿತ್ತು. ಅದರಲ್ಲಿ ಅರ್ಧ ಓದಿ, ಉಳಿದರ್ಧ ತಾನೇ ಸೇರಿಸಿ ಹೇಳುತ್ತಿದ್ದ. ಕೇಳೋ ರೇಡಿಯೋಗೆ ವರ್ಷವರ್ಷ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಯಾಕೆ ಮಾಡಿಸಬೇಕು, ಕಿವಿಗೂ ಸರ್ಕಾರದ ಅಪ್ಪಣೆ ಬೇಕಾ, ಎನ್ನುತ್ತಿದ್ದ. ಮುಂದೊಂದು ದಿನ ಪಹಣಿ, ಖಾತೆ ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಆಗ ಶಾನುಭೋಗರು ಪುಸ್ತಕ ಮನೇಲಿದೆ ನಾಳೆ ಬಾ ಅನ್ನೋ ಹಾಗಿಲ್ಲ, ಎನ್ನುತ್ತಿದ್ದ. ಪಕ್ಕದ ಹೋಟೆಲಿನ ಲಕ್ಕಣ್ಣ, “ಇವನ ಬಾಯಿಗೊಂದು ಸ್ವಿಚ್ ಇಡ್ರಪ್ಪ, ಪುಣ್ಯ ಬರ್ತದೆ,” ಎಂದು ಗದ್ದಲದ ಮಧ್ಯೆ ಕೂಗುತ್ತಿದ್ದ.

ಆ ಲಕ್ಕಣ್ಣನ ಹೋಟೆಲಿನಲ್ಲಿ ಕೇರಿಯವರಿಗೆಂದು ಹಿಂದಿನ ಕಿಟಕಿಯ ಬಳಿ ಬೇರೆ ಲೋಟಗಳಿದ್ದವು. ಷಡಕ್ಷರಿ ಜಗಳ ಮಾಡಲಿಲ್ಲ. ನಂಗೂ ಅದ್ರಲ್ಲೇ ಕೊಡು ಎಂದು ಕಿಟಕಿಯ ಬಳಿಯೇ ನಿಂತು, ಬೆಳಿಗ್ಗೆ ಸಂಜೆ ಏಳು ತಿಂಗಳು ಕಾಫಿ ಕುಡಿದ. ಅವನ ಗಿರಾಕಿಗಳೂ ಅಭ್ಯಾಸಕ್ಕೆ ಬಿದ್ದು ಅಲ್ಲೇ ನಿಲ್ಲತೊಡಗಿದರು. ಒಂದು ದಿನ ಲಕ್ಕಣ್ಣ ಬೇಸತ್ತು ಎಲ್ಲ ಲೋಟಗಳನ್ನೂ ಒಂದೇ ಬಾನಿಗೆ ಹಾಕಿ ತೊಳೆದ. ತೀರ್ಥಮ್ಮನಿಗೆ ಷಡಕ್ಷರಿಯ ಮಾತುಗಳಿಗಿಂತ ಈ ಏಳು ತಿಂಗಳು ಹೆಚ್ಚು ಹಿಡಿಸಿತು.

ಅವಳಿಗೆ ಬೇಕಾಗಿದ್ದದ್ದು ಆ ಮುಂದಿನ ಹಲಗೆ, ಅಷ್ಟೇ. ಮನೆಯಲ್ಲಿ ಅವಳು ಹೊಸೆದ ಬತ್ತಿ ಯಾರದೋ ಹರಕೆಯಾಗಿ ಉರಿದುಹೋಗುತ್ತಿತ್ತು. ಇಲ್ಲಿ ಸುತ್ತಿದ್ದು ಯಾವುದೋ ಹೊಲದಲ್ಲಿ ನೀರೆತ್ತುತ್ತದೆ, ಸುತ್ತಿದವಳು ಯಾರೆಂದು ರಸ್ತೆಗೆಲ್ಲ ಕಾಣುತ್ತದೆ. ಆ ಹಲಗೆ ಕೈತಪ್ಪಿದರೆ ಮತ್ತೆ ಮೈದುನನ ಮನೆಯ ಮೂಲೆಯೇ ಗತಿ.

ಎಂಬತ್ತೆರಡರ ಬೇಸಗೆಯಲ್ಲಿ ಅದು ಕೈತಪ್ಪುವ ಹಾಗಾಯಿತು. ಹಿರೇನಲ್ಲೂರಿನ ಈರಭದ್ರಪ್ಪ ಎಂಬ ರೈತ ಹೊಸದಾಗಿ ಬಾವಿ ತೋಡಿಸಿ, ಹಳೆಯದೊಂದು ಸ್ಟಾರ್ಟರ್ ಕೊಂಡಿದ್ದ. ಅದರ ಸುಟ್ಟ ಕಾಯಿಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಹಲಗೆಯ ಮೇಲಿದ್ದ ತೀರ್ಥಮ್ಮನನ್ನು ನೋಡಿ ಟವೆಲು ಬಿಚ್ಚಲಿಲ್ಲ.

“ಬೇಜಾರ್ ಮಾಡ್ಕಬ್ಯಾಡಿ ಅಕ್ಕಾ. ಷಡಕ್ಷರಣ್ಣ, ಇದು ಹೊಸಾ ಬಾವಿ, ಮೊದ್ಲ ನೀರು. ಗಂಡ ಇಲ್ದೋರ ಕೈ ತಾಗಬಾರ್ದು. ನೀನೇ ಸುತ್ತಿಕೊಡು.”

“ಅಲ್ಲಯ್ಯಾ, ಸುತ್ತಿದೋರ ಕೈಯಲ್ಲಿ ಬಳೆ ಐತೋ ಇಲ್ವೋ ಅಂತ ಕರೆಂಟಿಗೆ ಗೊತ್ತಾಗುತ್ತಾ?”

“ಕರೆಂಟಿಗೆ ಗೊತ್ತಾಗಲ್ಲ ಕಣಣ್ಣ. ನಮ್ಮವ್ವಂಗೆ ಗೊತ್ತಾಗ್ತದೆ.”

ಕಾಲು ಗಂಟೆ ಷಡಕ್ಷರಿ ಸಂವಿಧಾನ, ಹಕ್ಕು, ಕಾನೂನು ಎಲ್ಲ ಹೇಳಿದ. ಈರಭದ್ರಪ್ಪ ಹೌದು ಹೌದು ಎಂದು ಕೇಳಿಸಿಕೊಂಡ, ಟವೆಲು ಮಾತ್ರ ಬಿಚ್ಚಲಿಲ್ಲ. ಆ ತಿಂಗಳಲ್ಲಿ ಹಾಗೆ ಕೇಳಿದವರಲ್ಲಿ ಇವನು ಮೂರನೆಯವನು.

ಷಡಕ್ಷರಿ ಕೊನೆಗೆ ಒಳಗಿಂದ ಬೊಂಬಾಯಿಯ ಒಂದು ಕ್ಯಾಲ್ಕುಲೇಟರ್ ತಂದ. ಕೆಲವು ದಿನದಿಂದ ಅದರ ಜೊತೆ ಗುದ್ದಾಡುತ್ತಿದ್ದ. ಅದರಲ್ಲಿ ಕೂಡುವ ಗುರುತನ್ನೂ ಒಂದನ್ನೂ ಒತ್ತಿಟ್ಟರೆ, ಆಮೇಲೆ ಉತ್ತರದ ಗುಂಡಿ ಒತ್ತಿದಾಗಲೆಲ್ಲ ಅಂಕಿ ಒಂದೊಂದೇ ಏರುತ್ತದೆ. ಆ ಗುಂಡಿಯಿಂದ ಎರಡು ತಂತಿ ಎಳೆದು, ಕಾಯಿಲು ಸುತ್ತುವ ಹಿಡಿಕೆಗೆ ಕಟ್ಟಿದ್ದ. ಹಿಡಿಕೆ ಒಂದು ಸುತ್ತು ಬಂದರೆ ತಂತಿಗಳು ಒಮ್ಮೆ ತಾಗಿ, ಅಂಕಿ ಒಂದು ಏರುವಂತೆ ಮಾಡಿದ್ದ.

“ಒಂದೆರಡು ದಿನ ಒಳಗೆ ಕೂತ್ಕೊಳ್ಳಿ ಅಕ್ಕ,” ಎಂದು ಮೆಲ್ಲಗೆ ಹೇಳಿದ. “ನಾನು ಸುತ್ತಿದೆ, ಮಿಷನ್ನು ಎಣಿಸ್ತು ಅಂದ್ರೆ ಯಾರೂ ಬಾಯಿ ಬಿಡಲ್ಲ.”

ತೀರ್ಥಮ್ಮ ಆಯಿತು ಎಂದಳು. ಬಟ್ಟಲುಗಳನ್ನು ಎತ್ತಿಕೊಂಡು ರೇಡಿಯೋಗಳ ಹಿಂದೆ ಹೋಗಿ ಕೂತಳು. ಮಿಷನ್ನು ಎಣಿಸಲು ಕಲಿತರೆ ಹಲಗೆ ತನಗೆ ಮರಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಕ್ಕಿನ ಬಗ್ಗೆ ಅಷ್ಟು ಮಾತಾಡಿದವನಿಗೆ ಅದು ಹೊಳೆದಿರಲಿಲ್ಲ.

ಹೊರಗೆ ಜನ ಸೇರಿದರು. ಷಡಕ್ಷರಿ ಸುತ್ತುತ್ತ ಭಾಷಣಕ್ಕಿಳಿದ. “ನೋಡ್ರಪ್ಪಾ, ಮಿಷನ್ನಿಗೆ ಜಾತಿ ಇಲ್ಲ, ಮೈಲಿಗೆ ಇಲ್ಲ. ದೇಶಾನ ಇದ್ರ ಕೈಗೆ ಕೊಟ್ರೆ ಅರ್ಧ ಜಗಳ ನಿಲ್ತವೆ.” ಮಾತಿನ ಭರದಲ್ಲಿ ತಂತಿ ಸಡಿಲಾಗಿ ಒಂದರ ಮೇಲೊಂದು ಹತ್ತಿತು. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಬಿಚ್ಚಿ, ಮತ್ತೆ ಸುತ್ತಿದ. ಇನ್ನೊಂದಷ್ಟು ಹೊತ್ತಿಗೆ ಮತ್ತೊಮ್ಮೆ ಹಾಗೇ ಆಯಿತು.

ತಂತಿ ತಾಗುವ ಟಕ್ ಟಕ್ ಸದ್ದು ಒಳಗೆ ಕೇಳುತ್ತಿತ್ತು. ತೀರ್ಥಮ್ಮನ ತುಟಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ಮೊದಲ ಸಲ ಬಿಚ್ಚಿದ್ದು ತೊಂಬತ್ತನಾಲ್ಕು, ಎರಡನೇ ಸಲ ಅರವತ್ತೊಂದು. ಬಿಚ್ಚುವಾಗಲೂ ಟಕ್ ಎನ್ನುತ್ತಿತ್ತು. ಅವಳು ಎದ್ದು ಬಾಗಿಲವರೆಗೆ ಬಂದಳು. ಹಲಗೆಯ ಮೇಲೆ ತಾನು ಕೂರುವ ಜಾಗದಲ್ಲಿ ಕ್ಯಾಲ್ಕುಲೇಟರ್ ಕೂತಿತ್ತು. ಹಾಗೇ ತಿರುಗಿ ಒಳಗೆ ಹೋದಳು.

ಐದನೇ ದಿನ ಈರಭದ್ರಪ್ಪ ಅದೇ ಟವೆಲಿನಲ್ಲಿ ಅದೇ ಕಾಯಿಲನ್ನು ತಂದ. ಈ ಸಲ ಬಸ್ ಇಳಿಯುವಾಗಲೇ ಸುಟ್ಟ ವಾಸನೆ ಬರುತ್ತಿತ್ತೆಂದು ಲಕ್ಕಣ್ಣ ಆಮೇಲೆ ಹೇಳಿದ.

“ಪೂಜೆ ಮಾಡಿ ಒತ್ತುದ್ವಿ. ಮೂರು ಗಂಟೆ ನೀರು ಬಂತು, ಆಮ್ಯಾಕೆ ಹೊಗೆ ಬಂತು. ಈರುಳ್ಳಿ ಸಸಿ ನೆಟ್ಟಿದೀನಿ, ಒಣಗ್ತಾ ಕುಂತವೆ.”

ಷಡಕ್ಷರಿ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತಿ ಒತ್ತಿ ನೋಡಿದ. ಎಲ್ಲ ಸರಿಯಾಗಿತ್ತು. “ಇದು ಸುಳ್ಳು ಹೇಳಲ್ಲ,” ಎಂದ.

“ಸುಳ್ಳು ಹೇಳ್ಲಿಲ್ಲ,” ಎಂದಳು ತೀರ್ಥಮ್ಮ ಒಳಗಿಂದ. “ನೀನು ಹಿಂದಕ್ಕೆ ಬಿಚ್ಚಿದ ನೂರೈವತ್ತೈದನ್ನ ಕಳೆಯೋ ಬದ್ಲು ಕೂಡಿಸ್ಕೊಂತು, ತಪ್ಪು ಎರಡರಷ್ಟಾಯ್ತು. ಮುನ್ನೂರ ಹತ್ತು ಸುತ್ತು ಕಮ್ಮಿ ಐತೆ ಅದ್ರಲ್ಲಿ.”

ಯಾರೂ ನಂಬಲಿಲ್ಲ. ಕಾಯಿಲನ್ನು ಬಿಚ್ಚಿ ಎಣಿಸಿದರು. ಷಡಕ್ಷರಿ ಗಟ್ಟಿಯಾಗಿ, ಲಕ್ಕಣ್ಣ ಸಾಕ್ಷಿಯಾಗಿ. ಅಲ್ಲಲ್ಲಿ ಅಂಟಿಹೋಗಿದ್ದ ತಂತಿ ಬಿಡಿಸಲು ಒಂದು ತಾಸು ಹಿಡಿಯಿತು. ಸಾವಿರದ ನಾನೂರ ತೊಂಬತ್ತು.

“ಗೊತ್ತಿದ್ದೂ ಯಾಕಕ್ಕ ಹೇಳ್ಲಿಲ್ಲ?” ಎಂದ ಷಡಕ್ಷರಿ.

“ಹೇಳ್ಬೇಕಿತ್ತು. ಅದು ನನ್ನ ತಪ್ಪು, ಈ ಯಪ್ಪನ ಸಸಿ ಒಣಗಿದ್ದು ಅದ್ರಿಂದ್ಲೇ. ಇನ್ಮೇಲೆ ನನ್ನ ಎಣಿಕೆ ಬ್ಯಾಡ ಅಂತ ನನ್ನ ಒಳಗೆ ಕೂರಿಸಿದ್ದು ನಿನ್ನ ತಪ್ಪು. ಎರಡೂ ಸೇರಿ ಸುಟ್ಟಿದ್ದು ಅದು.”

“ಗಡಿಯಾರ ನೋಡ್ಕೊಳ್ರಪ್ಪ, ಷಡಕ್ಷರಿ ಸುಮ್ಮನಾದ ಹೊತ್ತು,” ಎಂದ ಲಕ್ಕಣ್ಣ. ಷಡಕ್ಷರಿ ಹಲಗೆಯ ಮೇಲಿಂದ ಕ್ಯಾಲ್ಕುಲೇಟರ್ ಎತ್ತಿಟ್ಟು, ಟವೆಲಿನಿಂದ ಹಲಗೆ ಒರೆಸಿದ. ಅದು ಈರಭದ್ರಪ್ಪನ ಟವೆಲು.

ಈರಭದ್ರಪ್ಪ ರಸ್ತೆಯ ಕಡೆ ಮುಖ ತಿರುಗಿಸಿಕೊಂಡು ನಿಂತ. “ಅಕ್ಕಾ, ನೀವೇ ಸುತ್ತಿ. ನಾನು ನೋಡ್ಲಿಲ್ಲ. ಅವ್ವ ಕೇಳಿದ್ರೆ ಮಿಷನ್ನು ಅಂತೀನಿ.”

ಕೈಗೆತ್ತಿಕೊಂಡಿದ್ದ ತಂತಿಯನ್ನು ತೀರ್ಥಮ್ಮ ಕೆಳಗಿಟ್ಟಳು.

“ನಿಮ್ಮವ್ವಂಗೆ ಶಿವನಿ ತೀರ್ಥಮ್ಮ ಸುತ್ತಿದ್ಳು ಅಂತ ಹೇಳೋದಾದ್ರೆ ಸುತ್ತೀನಪ್ಪ. ಇಲ್ದಿದ್ರೆ ಷಡಕ್ಷರಿ ಇದಾನೆ, ಮಿಷನ್ನೈತೆ.”

ಈರಭದ್ರಪ್ಪ ಕ್ಯಾಲ್ಕುಲೇಟರ್ ನೋಡಿದ, ಷಡಕ್ಷರಿಯನ್ನು ನೋಡಿದ. “ಸಸಿ ನೋಡ್ಕಳ್ಳೋದೋ, ಅವ್ವನ್ನ ನೋಡ್ಕಳ್ಳೋದೋ,” ಎಂದು ನಿಟ್ಟುಸಿರು ಬಿಟ್ಟ. “ಹೇಳ್ತೀನಿ, ಸುತ್ತಿ. ಅವ್ವ ಪೊರಕೆ ತಗಂಡ್ರೆ ಇಲ್ಲಿಗೇ ಓಡಿಬತ್ತೀನಿ.” ಹಲಗೆಯ ಎದುರಿಗೇ ಕೂತು, ಸಾವಿರದೆಂಟುನೂರನೇ ಸುತ್ತಿನವರೆಗೂ ಕಣ್ಣು ಕೀಳದೆ ನೋಡಿದ. ಹದಿನೈದು ದಿನ ಬಿಟ್ಟು ಬಂದಾಗ ಪಕ್ಕದ ಹೊಲದವನ ಕಾಯಿಲನ್ನೂ ತಂದಿದ್ದ. ಪೊರಕೆಯ ವಿಷಯ ಕೇಳಿದರೆ, ಎರಡು ದಿನ ಅವ್ವ ಮಾತು ಬಿಟ್ಟಿದ್ದಳು, ನೀರು ನಿಲ್ಲದೆ ಬರುವುದು ನೋಡಿ ಬೈಯಲು ಶುರು ಮಾಡಿದಳು, ಈಗ ಎಲ್ಲ ಮೊದಲಿನಂತೆಯೇ ಇದೆ ಎಂದ.

ಷಡಕ್ಷರಿ ಅಭಿಪ್ರಾಯ ಹೇಳುವುದನ್ನು ಬಿಡಲಿಲ್ಲ, ಆದರೆ ಒಂದನ್ನು ತಿದ್ದಿಕೊಂಡ. ಕಂಪ್ಯೂಟರಿಗೆ ಜಾತಿಯಿಲ್ಲ ಎನ್ನುತ್ತಿದ್ದವನು, ಅದಕ್ಕೆ ಹೇಳಿಕೊಡುವವನಿಗೆ ಇರುತ್ತದಲ್ಲ ಎನ್ನತೊಡಗಿದ. ಪಹಣಿ ಅದರೊಳಗೆ ಹೋಗುವ ದಿನ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಲು ಬಾಗಿಲ ಬಳಿ ಒಬ್ಬ ತೀರ್ಥಮ್ಮ ಕೂತಿರಬೇಕು, ಎಂದು ಬಂದ ಗಿರಾಕಿಗೆಲ್ಲ ಹೇಳುತ್ತಿದ್ದ. ಕ್ಯಾಲ್ಕುಲೇಟರನ್ನು ಲಕ್ಕಣ್ಣನಿಗೆ ಕೊಟ್ಟುಬಿಟ್ಟ.

ಎಂಬತ್ತೇಳರ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾಯಿತು. ತಂತಿ ಕಾಣದಾಯಿತು, ಬಾಯಿ ಮಾತ್ರ ಚುರುಕಾಗೇ ಇತ್ತು. ತರೀಕೆರೆಯ ಅಕ್ಕನ ಮನೆಗೆ ಹೋಗಿರುವುದೆಂದು ತೀರ್ಮಾನಿಸಿ, ಹೋಗುವ ಮೊದಲು ಅಂಗಡಿಯ ಲೈಸೆನ್ಸಿನಲ್ಲಿ ತೀರ್ಥಮ್ಮನ ಹೆಸರನ್ನೂ ಸೇರಿಸಿಸಿದ. ಮರುವರ್ಷ ತರೀಕೆರೆಯಲ್ಲೇ ತೀರಿಕೊಂಡ; ಅಂದೂ ಬೆಳಿಗ್ಗೆ ಪಕ್ಕದ ಮನೆಯವರಿಗೆ ಟೆಲಿಫೋನಿನ ಬಗ್ಗೆ ಏನೋ ಹೇಳುತ್ತಿದ್ದನಂತೆ.

ತೀರ್ಥಮ್ಮ ಅವನೊಡನೆ ಕೊನೆಯದಾಗಿ ಮಾತಾಡಿದ್ದು ಅವನು ಅಜ್ಜಂಪುರ ಬಿಟ್ಟ ಬೆಳಿಗ್ಗೆ. ಹೊಸ ಬೋರ್ಡು ಆಗಷ್ಟೇ ಬಂದು ಗೋಡೆಗೆ ಒರಗಿತ್ತು, ಬಣ್ಣ ಇನ್ನೂ ಹಸಿ. ತೀರ್ಥಮ್ಮ ಅಕ್ಷರ ಕೂಡಿಸಿಕೊಂಡು, ಮೊದಲು ಅವನ ಹೆಸರನ್ನು, ಆಮೇಲೆ ತನ್ನದನ್ನು ಓದಿ ಹೇಳಿದಳು. ಬಸ್ಸು ಹಾರನ್ ಮಾಡುತ್ತಿತ್ತು. ಷಡಕ್ಷರಿ ಹೊರಡಲಿಲ್ಲ. ಬೋರ್ಡಿನ ಹತ್ತಿರ ಬಗ್ಗಿ, ಏನೂ ಕಾಣದೆ, ತಲೆ ಎತ್ತಿ ಕೇಳಿದ:

“ಎರಡು ಹೆಸರೂ ಒಂದೇ ಅಳತೇಲಿ ಬರೆದಿದಾನಾ ಅಕ್ಕ? ಅಂದಾಜಲ್ಲಿ ಹೇಳ್ಬೇಡಿ, ಗೇಣು ಹಾಕಿ ನೋಡಿ ಹೇಳ್ತೀರಾ?”