ಕಲ್ಲಪ್ಪ ಹಾರಿದ್ದು ಯಾವ ಕಡೆಗೆ

ಚಂದ್ರಹಾಸರು ಮೂವತ್ತೆಂಟು ವರ್ಷ ಸ್ಟೆನೋ ಆಗಿದ್ದವರು. ಕುಂದಾಪುರದ ಕಡೆಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಕಲ್ಕತ್ತೆಗೆ ಬಂದು, ಅಲಿಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ಜನ ಸಾಹೇಬರು ಹೇಳಿದ್ದನ್ನೆಲ್ಲ ಬರೆದುಕೊಂಡು, ಟೈಪ್ ಮಾಡಿ, ಸಹಿಗೆ ಇಟ್ಟು, 2006ರಲ್ಲಿ ಹೂಮಾಲೆ ಹಾಕಿಸಿಕೊಂಡು ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರ ಬೆರಳಿನಡಿಯಿಂದ ಹೊರಟ ಪುಟಗಳಿಗೆ ಲೆಕ್ಕವಿಲ್ಲ. ಒಂದರ ಮೇಲೂ ಅವರ ಹೆಸರಿರಲಿಲ್ಲ. ಕಾಗದದ ಕೆಳಗೆ, ಎಡಮೂಲೆಯಲ್ಲಿ, ಎರಡು ಸಣ್ಣ ಇನಿಷಿಯಲ್, ಅದೂ ಕನ್ನಡಕ ಹಾಕಿಕೊಂಡು ಹುಡುಕಿದರೆ ಸಿಕ್ಕೀತು. ಅದಕ್ಕೆ ಬೇಸರವಿತ್ತೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದರು. ಸುಳ್ಳು. ಬೇಕಾದಷ್ಟು ಬೇಸರವಿತ್ತು.

ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಲೇಕ್ ಮಾರ್ಕೆಟ್ ಹತ್ತಿರದ ಬಾಡಿಗೆ ಮನೆಯಲ್ಲಿ ಟಿವಿ ಮುಂದೆ ಕೂತು ವಾರ್ತೆಯನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದರು. "ಎಂತಕ್ಕೆ ಮಾರಾಯ್ರೆ ಇದು? ಯಾರಿಗೆ ಬೇಕು?" ಎಂದು ಹೆಂಡತಿ ಲೀಲಾ ಕೇಳಿದರೆ, "ಬರೆಯದಿದ್ರೆ ಕೈ ಹಾಳಾಗ್ತದೆ" ಎಂದು ಪುಟ ತಿರುಗಿಸುತ್ತಿದ್ದರು. ಮೇಲಿನ ಮಹಡಿಯ ಕೋಣೆಯಲ್ಲಿದ್ದ ವಿಶ್ವಾಸ್ ಒಂದು ಭಾನುವಾರ ಲೀಲಾರ ನೀರುದೋಸೆಗೆಂದು ಕೆಳಗಿಳಿದವನು ಇದನ್ನು ನೋಡಿದ. ಅವನು ಬೆಂಗಳೂರಿನವನು, ನ್ಯೂ ಟೌನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ.

"ಅಂಕಲ್, ನಮ್ಮ ಲೀಗ್‌ಗೆ ಒಬ್ರು ರಿಪೋರ್ಟರ್ ಬೇಕು. ನೀವೇ ಆಗ್ಬಿಡಿ" ಎಂದ.

"ಯಾವ ಲೀಗು ಮಾರಾಯ?"

"ಫುಟ್‌ಬಾಲ್ ಲೀಗು. ಎಂಟು ಟೀಮಿದೆ. ಕಂಪ್ಯೂಟರ್‌ನಲ್ಲಿ ಆಡೋದು."

"ಆಡುವವರು ಎಲ್ಲಿಯವರು?"

"ಆಡೋರು ಯಾರೂ ಇಲ್ಲ ಅಂಕಲ್. ಬರೀ ಹೆಸರು."

ಚಂದ್ರಹಾಸರಿಗೆ ತಲೆಬುಡ ಅರ್ಥವಾಗಲಿಲ್ಲ. ವಿಶ್ವಾಸ್ ಮೂರು ದೋಸೆ ಮುಗಿಸುವಷ್ಟು ಹೊತ್ತು ವಿವರಿಸಿದ. ಬೆಂಗಳೂರು, ಪುಣೆ, ಕಲ್ಕತ್ತೆಗಳಲ್ಲಿ ಚದುರಿದ ಎಂಟು ಜನ ಗೆಳೆಯರು. ಒಬ್ಬೊಬ್ಬರಿಗೆ ಒಂದೊಂದು ತಂಡ, ತಂಡಕ್ಕೆ ಇಪ್ಪತ್ತು ಹೆಸರು, ಹೆಸರಿನ ಮುಂದೆ ವೇಗ ಇಷ್ಟು, ಧೈರ್ಯ ಇಷ್ಟು ಎಂದು ಇಪ್ಪತ್ತಕ್ಕೆ ಅಂಕ. ಯಾರನ್ನು ಆಡಿಸಬೇಕು, ಹೇಗೆ ಆಡಿಸಬೇಕು ಎಂದು ಮಾಲೀಕರು ಶನಿವಾರದೊಳಗೆ ವಿಶ್ವಾಸನಿಗೆ ಮೇಲ್ ಮಾಡಬೇಕು. ಅವನು ಅದನ್ನೆಲ್ಲ ತುಂಬಿ ಗುಂಡಿ ಒತ್ತಿದರೆ ಯಂತ್ರವೇ ಆಟ ಆಡುತ್ತದೆ. ಇಷ್ಟನೇ ನಿಮಿಷಕ್ಕೆ ಇಂಥವನು ಒದ್ದ, ಇಂಥವನು ತಡೆದ ಎಂದು ಪರದೆಯ ಮೇಲೆ ಸಾಲುಸಾಲಾಗಿ ಬರುತ್ತದೆ. ಯಾರು ಗೆಲ್ಲುತ್ತಾರೆಂದು ಗುಂಡಿ ಒತ್ತಿದವನಿಗೂ ಗೊತ್ತಿರುವುದಿಲ್ಲ. ಆಟ ಮುಗಿದ ಮೇಲೆ ಪಂದ್ಯದ ವರದಿ, ಆಟಗಾರರ ಸಂದರ್ಶನ, ಎಲ್ಲ ಸೇರಿಸಿ ಎಲ್ಲರಿಗೂ ಕಳಿಸಬೇಕು.

"ಇಲ್ಲದವನ ಸಂದರ್ಶನ ಮಾಡುವುದು ಹೇಗೆ?"

"ಏನಾದ್ರೂ ಬರೀರಿ ಅಂಕಲ್, ತಮಾಷೆಗೆ."

ಚಂದ್ರಹಾಸರಿಗೆ ಅದು ಸರಿಬರಲಿಲ್ಲ. ಸ್ಟೆನೋ ಆದವನು ಏನಾದರೂ ಬರೆಯುವುದಿಲ್ಲ, ಯಾರಾದರೂ ಹೇಳಿದ್ದನ್ನು ಬರೆಯುತ್ತಾನೆ. ಎರಡು ದಿನ ಯೋಚಿಸಿ ಅವರೇ ಒಂದು ದಾರಿ ಕಂಡುಕೊಂಡರು. ತಂಡದ ಮಾಲೀಕರಿಗೆ ಫೋನ್ ಮಾಡುವುದು, ಮಾಲೀಕರು ಆಟಗಾರನೇ ಆಗಿ ಮಾತಾಡುವುದು, ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳುವುದು. ಶಾರ್ಟ್‌ಹ್ಯಾಂಡು ಸದ್ದಿನ ಬೆನ್ನು ಹಿಡಿಯುವ ಲಿಪಿ, ಇಂಗ್ಲಿಷಿನದಾದರೂ ಕನ್ನಡಕ್ಕೆ ಒಗ್ಗಿತು. ಪುಣೆಯ ಮಾಧವ ತನ್ನ ಆಟಗಾರನಾಗಿ ಮಾತಾಡುತ್ತ, "ನಮ್ ಮ್ಯಾನೇಜರ್‌ಗೆ ಬುದ್ಧಿ ಇಲ್ಲ ಸಾರ್, ಎಪ್ಪತ್ತನೇ ನಿಮಿಷಕ್ಕೆ ನನ್ನ ಹೊರಗೆ ಕೂರಿಸ್ದ" ಎಂದು ತನ್ನನ್ನೇ ಬೈದುಕೊಂಡ. "ಇದಕ್ಕೆ ಮ್ಯಾನೇಜರರು ಏನು ಹೇಳ್ತಾರೆ?" ಎಂದು ಚಂದ್ರಹಾಸರು ಗಂಭೀರವಾಗಿಯೇ ಕೇಳಿದರು. ಮಾಧವ ಗಂಟಲು ಸರಿಮಾಡಿಕೊಂಡು, ದನಿ ಬದಲಿಸಿ, ಮ್ಯಾನೇಜರನಾಗಿ ಉತ್ತರ ಕೊಟ್ಟ. ಅಲ್ಲಿಂದ ಮುಂದೆ ಎಂಟು ಜನರೂ ಭಾನುವಾರ ಬೆಳಿಗ್ಗೆ ಅವರ ಫೋನಿಗೆ ಕಾಯತೊಡಗಿದರು.

ಮೊದಲ ವರದಿ ಹೋದಾಗ ಅದರ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ 'ವರದಿ: ಕೆ. ಚಂದ್ರಹಾಸ' ಎಂದಿತ್ತು. ಅವರು ಅದನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ಹಾಕಿಸಿ ತಂದು ಲೀಲಾರ ಮುಂದೆ ಇಟ್ಟರು. "ಇಲ್ಲದವರ ಆಟ, ಇಲ್ಲದವರ ಮಾತು, ನಿಮ್ಮ ಹೆಸರು ಮಾತ್ರ ಉಂಟು" ಎಂದು ಲೀಲಾ ನಕ್ಕರು. ಆದರೂ ಹಾಳೆ ಮಡಿಚಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟವರು ಅವರೇ. ಚಂದ್ರಹಾಸರು ಆ ದಿನ ಮೂರು ಸಲ ಬೀರು ತೆಗೆದರು.

ಎಂಟು ಜನರಲ್ಲಿ ಹುಡುಗಿ ಒಬ್ಬಳೇ, ವರ್ಷಿಣಿ. ಮೈಸೂರಿನವಳು, ಕಲ್ಕತ್ತೆಯಂಚಿನ ಜೋಕಾದಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ಎಲ್ಲರೂ ಆರಿಸಿ ಬಿಟ್ಟ ಹೆಸರುಗಳನ್ನು ಕೂಡಿಸಿಕೊಂಡು 'ಜೋಕಾ ಜಿಂಕೆಗಳು' ಎಂಬ ತಂಡ ಕಟ್ಟಿದ್ದಳು. ಅದರ ಗೋಲಿ, ಎಂದರೆ ಗೋಲು ಕಾಯುವವನು, ಕಲ್ಲಪ್ಪ. ವೇಗ ಆರು, ಧೈರ್ಯ ಹದಿನೇಳು. ಕಲ್ಲಪ್ಪ ಧಾರವಾಡದವನು ಎಂದು ತಾನೇ ತೀರ್ಮಾನಿಸಿ, ಧಾರವಾಡದ ತನ್ನ ಅಜ್ಜಿಯ ಮಾತಿನಲ್ಲಿ ಅವನನ್ನು ಮಾತಾಡಿಸುತ್ತಿದ್ದಳು. ಸೋತ ವಾರಗಳಲ್ಲೂ ಕಲ್ಲಪ್ಪ ಸೊಗಸಾಗಿ ಮಾತಾಡುತ್ತಿದ್ದ. ಸಾಹೇಬರುಗಳ ಮಾತನ್ನು ಬರೆದು ಬರೆದು ಬತ್ತಿಹೋಗಿದ್ದ ಚಂದ್ರಹಾಸರಿಗೆ ಈ ಇಲ್ಲದ ಗೋಲಿ ಅಚ್ಚುಮೆಚ್ಚಾದ.

2007ರ ಜೂನಿನಲ್ಲಿ ಮೊದಲ ನಾಲ್ಕು ತಂಡಗಳ ಪ್ಲೇಆಫ್ ಬಂತು. ವರ್ಷಿಣಿಯ ತಂಡ ಏಳುತ್ತ ಬೀಳುತ್ತ ನಾಲ್ಕನೇ ಸ್ಥಾನ ಹಿಡಿದಿತ್ತು. ಸೆಮಿಫೈನಲ್ಲಿನಲ್ಲಿ ಎದುರಾಳಿ ವಿಶ್ವಾಸನದೇ ತಂಡ, 'ರಾಜಾರ್‌ಹಾಟ್ ರಾಕೆಟ್ಸ್', ಪಟ್ಟಿಯಲ್ಲಿ ಮೊದಲನೆಯದು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಚಂದ್ರಹಾಸರು ನೋಟ್‌ಬುಕ್ಕು, ಎರಡು ಪೆನ್ಸಿಲು ಹಿಡಿದು ಮಹಡಿ ಹತ್ತಿದರು. ಕಂಪ್ಯೂಟರೇ ಎಲ್ಲ ಇಟ್ಟುಕೊಳ್ಳುತ್ತದೆ, ನೀವು ಬರೆಯಬೇಕಿಲ್ಲ ಎಂದು ವಿಶ್ವಾಸ್ ಎಷ್ಟು ಹೇಳಿದರೂ ಅವರು ಪರದೆಯ ಮೇಲೆ ಬಂದ ಸಾಲನ್ನೆಲ್ಲ ಬರೆದುಕೊಳ್ಳುವವರೇ.

ನೂರಿಪ್ಪತ್ತು ನಿಮಿಷ ಕಳೆದರೂ ಒಂದಕ್ಕೆ ಒಂದು. ಪೆನಾಲ್ಟಿಗೆ ಹೋಯಿತು. ಜಿಂಕೆಗಳು ಐದೂ ಹೊಡೆದವು, ರಾಕೆಟ್ಸ್ ನಾಲ್ಕು ಹೊಡೆದು ಐದನೆಯದಕ್ಕೆ ಬಂತು. ಕಲ್ಲಪ್ಪ ಬಲಕ್ಕೆ ಹಾರಿದ, ಚೆಂಡನ್ನು ಹಿಡಿದ, ಜೋಕಾ ಜಿಂಕೆಗಳು ಫೈನಲ್ಲಿಗೆ. ಚಂದ್ರಹಾಸರು ಬರೆದು ಅಡಿಗೆರೆ ಎಳೆದರು. ವಿಶ್ವಾಸ್ "ಅಯ್ಯೋ" ಎಂದು ತಲೆ ಮೇಲೆ ಕೈಯಿಟ್ಟುಕೊಂಡು, ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದ. ಸೇವ್ ಒತ್ತಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ಎರಡು ತಿಂಗಳಾಗಿತ್ತು.

ಮುಕ್ಕಾಲು ಗಂಟೆ ಬಿಟ್ಟು ಕರೆಂಟು ಬಂದಾಗ ಕಂಪ್ಯೂಟರಿನಲ್ಲಿ ಪಂದ್ಯವೇ ಇರಲಿಲ್ಲ. ವಿಶ್ವಾಸ್ ಮತ್ತೆ ಗುಂಡಿ ಒತ್ತಿದ. ಮತ್ತೆ ಒಂದಕ್ಕೆ ಒಂದು, ಮತ್ತೆ ಪೆನಾಲ್ಟಿ. ಈ ಸಲ ಕೊನೆಯ ಹೊಡೆತಕ್ಕೆ ಕಲ್ಲಪ್ಪ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು, ರಾಕೆಟ್ಸ್ ಫೈನಲ್ಲಿಗೆ. ವಿಶ್ವಾಸ್ ಸೇವ್ ಒತ್ತಿದ. ಚಂದ್ರಹಾಸರ ನೋಟ್‌ಬುಕ್ಕಿನಲ್ಲಿ ಈಗ ಒಂದೇ ದಿನದ ಎರಡು ಪಂದ್ಯಗಳಿದ್ದವು, ಒಂದೊಂದರಲ್ಲಿ ಒಬ್ಬೊಬ್ಬರು ಗೆದ್ದಿದ್ದರು.

"ಇದರಲ್ಲಿ ಯಾವುದು ಬರೆಯಲಿ ಮಾರಾಯ?"

"ಎರಡನೇದು ಅಂಕಲ್. ಸೇವ್ ಆಗದೆ ಇರೋದು ಆಗೇ ಇಲ್ಲ ಅಂತ ಅರ್ಥ."

"ನಾವಿಬ್ಬರೂ ನೋಡಿದೆವಲ್ಲ?"

"ನೋಡಿದ್ರೆ? ಇರೋದೇ ಸುಳ್ಳು ಪಂದ್ಯ, ಅದ್ರಲ್ಲಿ ನಿಜ ಎಲ್ಲಿಂದ ತರೋದು?"

ಮಾತು ಸುಳ್ಳಲ್ಲ, ಅದೇ ಕಷ್ಟ. ಹುಡುಗ ಮೋಸ ಮಾಡಿರಲಿಲ್ಲ, ಕರೆಂಟು ಅವನ ಕೈಯಲ್ಲಿರಲಿಲ್ಲ, ಹೀಗಾದರೆ ಏನು ಮಾಡಬೇಕೆಂದು ಲೀಗಿನ ನಿಯಮದಲ್ಲೂ ಇರಲಿಲ್ಲ. ಚಂದ್ರಹಾಸರು ಕೆಳಗೆ ಬಂದು ವರದಿ ಬರೆಯಲು ಕೂತರು. ಮೇಲ್ಗಡೆ ತಮ್ಮ ಹೆಸರು ಹಾಕಿಕೊಂಡರು. ಮುಂದೆ ಒಂದು ಸಾಲೂ ಹೊರಡಲಿಲ್ಲ. ಬಾಯಿಗೆ ಹಾಕಿಕೊಂಡ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಊಟಕ್ಕೆ ಕರೆದ ಲೀಲಾ ಮುಖ ನೋಡಿ, "ಯಾರಾದರೂ ಹೋದ್ರಾ?" ಎಂದು ಕೇಳಿದರು.

ಸೇವ್ ಆಗದ್ದು ಆಗೇ ಇಲ್ಲ ಎಂದು ವಿಶ್ವಾಸ್ ಹೇಳಿದ ಆ ಒಂದು ಮಾತು ಅವರನ್ನು ಬಿಡುತ್ತಿರಲಿಲ್ಲ. ಅದೇ ಮಾತನ್ನು ಅವರು ಇಪ್ಪತ್ತು ವರ್ಷದಿಂದ ತಮಗೆ ತಾವೇ ಹೇಳಿಕೊಂಡು ಬಂದಿದ್ದರು. 1987ರಲ್ಲಿ ಕಚೇರಿಯಲ್ಲಿ ಒಂದು ಫೈಲು ಕಾಣೆಯಾಗಿ, ಶೋಭನಾ ಎಂಬ ಗುಮಾಸ್ತೆಯ ಮೇಲೆ ವಿಚಾರಣೆ ನಡೆದಿತ್ತು. ಬರೆದುಕೊಳ್ಳಲು ಕೂತವರು ಇವರು. ಫೈಲನ್ನು ತಾನು ದೊಡ್ಡ ಸಾಹೇಬರ ಕೈಗೇ ಕೊಟ್ಟೆ ಎಂದು ಅವಳು ಸ್ಪಷ್ಟವಾಗಿ ಹೇಳಿದಳು. ವಿಚಾರಣೆ ಮಾಡುತ್ತಿದ್ದ ಅಧಿಕಾರಿ ಇವರ ಕಡೆ ತಿರುಗಿ, ಅದು ಬೇಡ ಎಂದು ಬೆರಳಾಡಿಸಿದ. ಇವರು ಟೈಪ್ ಮಾಡುವಾಗ ಆ ಸಾಲು ಬಿಟ್ಟರು. ವರಾಂಡದಲ್ಲಿ ಶೋಭನಾ ತಡೆದು, "ದಾದಾ, ನಾನು ಹೇಳಿದ್ದನ್ನು ಬರೆದುಕೊಂಡಿರಿ ತಾನೆ?" ಎಂದು ಬಂಗಾಳಿಯಲ್ಲಿ ಕೇಳಿದಳು. ಇವರು ಹೌದೆಂದು ತಲೆಯಾಡಿಸಿದರು. ತಿಂಗಳಾಗುವಷ್ಟರಲ್ಲಿ ಅವಳನ್ನು ದೂರದ ಕೂಚ್ ಬಿಹಾರಕ್ಕೆ ಎತ್ತಿ ಹಾಕಿದರು. ಟೈಪ್ ಆಗದ್ದನ್ನು ಯಾರೂ ಹೇಳಿಯೇ ಇಲ್ಲ ಎಂದು ಚಂದ್ರಹಾಸರು ಅಂದಿನಿಂದ ಸಮಾಧಾನ ಮಾಡಿಕೊಂಡಿದ್ದರು. ಈ ವಿಷಯ ಲೀಲಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಸೋತ ತಂಡದ ಸಂದರ್ಶನವಾಗಬೇಕು. ಫಲಿತಾಂಶ, ಒಂದೊಂದು ಹೊಡೆತದ ವಿವರದ ಸಮೇತ, ವಿಶ್ವಾಸ್ ಕಳಿಸಿದ ಇ-ಮೇಲಿನಲ್ಲಿ ಆಗಲೇ ಎಲ್ಲರಿಗೂ ತಲುಪಿತ್ತು. ಚಂದ್ರಹಾಸರು ಜೋಕಾದ ಹಾಸ್ಟೆಲಿಗೆ ಫೋನ್ ಮಾಡಿ, ಪೆನ್ಸಿಲು ಹಿಡಿದು, "ಗೋಲಿ ಕಲ್ಲಪ್ಪನವರೇ, ನಿನ್ನೆಯ ಕೊನೇ ಹೊಡೆತದ ಬಗ್ಗೆ ಎಂತ ಹೇಳ್ತೀರಿ?" ಎಂದು ವಾಡಿಕೆಯಂತೆ ಕೇಳಿದರು.

"ತಪ್ಪು ನಂದ ಐತ್ರಿ ಸರ್" ಎಂದಿತು ಫೋನಿನಲ್ಲಿ ಕಲ್ಲಪ್ಪನ ದನಿ. "ನಾ ಎಡಕ್ಕ ಹಾರಿದೆ, ಚೆಂಡು ಬಲಕ್ಕ ಹೋತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಮ್ಮ ಹುಡುಗರೆಲ್ಲಾ ನನ್ನ ನಂಬಿದ್ರು. ಅವ್ರ ಮುಂದ ತಲಿ ಎತ್ತಿ ನಿಲ್ಲಾಕ ಆಗಂಗಿಲ್ರಿ. ಹಂಗ ಬರ್ಕೋರಿ."

ಪೆನ್ಸಿಲು ನಿಂತುಹೋಯಿತು. ಎದುರಿಗೆ ತೆರೆದಿದ್ದ ಹಿಂದಿನ ಪುಟದಲ್ಲಿ ಕಲ್ಲಪ್ಪ ಬಲಕ್ಕೆ ಹಾರಿದ್ದ, ಅಡಿಗೆರೆ ಸಮೇತ. ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿದ್ದ ಆ ಮಾತನ್ನು ಬರೆದುಕೊಳ್ಳಲು ಅವರಿಂದಾಗಲಿಲ್ಲ.

"ಇಲ್ಲ, ಕಲ್ಲಪ್ಪ. ನೀನು ಬಲಕ್ಕೆ ಹಾರಿದ್ದಿ. ಚೆಂಡು ಹಿಡಿದಿದ್ದಿ. ನಾನು ಕಂಡಿದ್ದೇನೆ."

ವರ್ಷಿಣಿ ಕಲ್ಲಪ್ಪನ ದನಿ ಬಿಟ್ಟು ಮೈಸೂರಿನ ತನ್ನ ಮಾತಿಗೆ ಬಂದಳು. "ಅಂಕಲ್? ಏನ್ ಹೇಳ್ತಿದ್ದೀರಾ?"

ಅವರು ನೋಟ್‌ಬುಕ್ಕು ಎತ್ತಿಕೊಂಡು ಮೊದಲ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಕರೆಂಟು ಹೋದದ್ದನ್ನೂ ಹೇಳಿದರು. ವರ್ಷಿಣಿ ಎಲ್ಲ ಕೇಳಿ, "ಹಾಗಾದ್ರೆ ನಾನು ಗೆದ್ನಾ, ಸೋತ್ನಾ ಅಂಕಲ್?" ಎಂದಳು.

"ಅದು ನನಗೆ ಗೊತ್ತಾಗ್ತಾ ಇಲ್ಲ ಮಗಾ. ನಿನ್ನೆಯಿಂದ ಅದೇ ಯೋಚನೆ."

"ಫೈನಲ್ ಬೇಡ ಬಿಡಿ. ವಿಶ್ವಾಸೇ ಆಡ್ಲಿ. ಆದ್ರೆ ಕಲ್ಲಪ್ಪ ಹಿಡಿದ ಅಂತ ಒಂದು ಸಾಲು ಬರೀತೀರಾ? ಒಂದೇ ಸಾಲು. ಬರ್ಕೊಂಡ್ರಿ ತಾನೆ?"

ಚಂದ್ರಹಾಸರು ತಲೆಯಾಡಿಸಿದರು. ಫೋನಿನಲ್ಲಿ ತಲೆಯಾಡಿಸಿದರೆ ಕಾಣದೆಂದು ಹೊಳೆದು, "ಬರ್ಕೊಂಡೆ" ಎಂದು ಗಟ್ಟಿಯಾಗಿ ಹೇಳಿ, ನೋಟ್‌ಬುಕ್ಕಿನೊಂದಿಗೆ ಮಹಡಿ ಹತ್ತಿದರು.

ನಡೆದದ್ದನ್ನು ಕೇಳಿ ವಿಶ್ವಾಸನಿಗೆ ಸಿಟ್ಟು ಬಂತು. "ಅವಳಿಗ್ಯಾಕೆ ಹೇಳಿದ್ರಿ ಅಂಕಲ್? ಎರಡೂ ಪಂದ್ಯ ಬರೆದ್ರೆ ಲೀಗೇ ನಗೆಪಾಟಲಾಗುತ್ತೆ. ನೀವು ಹಾಗೇ ಬರೀತೀನಿ ಅಂದ್ರೆ ಈ ಸಲ ನಾನೇ ಬರ್ಕೋತೀನಿ. ನಿಮ್ಮ ಹೆಸರು ಹಾಕಲ್ಲ."

ಹೆಸರು ಎಂದಾಗ ಚಂದ್ರಹಾಸರು ನೋಟ್‌ಬುಕ್ಕು ಮುಚ್ಚಿದರು. ಮೂವತ್ತೆಂಟು ವರ್ಷ ಕಾದು ದಕ್ಕಿದ್ದು ಅದು. ಅಲ್ಲೇ ಮಂಚದ ತುದಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು.

"ಹೆಸರು ತೆಗಿ" ಎಂದರು. "ನೀನೇ ಬರಿ, ನಿನ್ನ ತಂಡವೇ ಫೈನಲ್ ಆಡಲಿ. ಆದರೆ ಕಲ್ಲಪ್ಪ ಹಿಡಿದದ್ದು ಅದರಲ್ಲಿ ಇರಬೇಕು."

ವಿಶ್ವಾಸ್ ಅವರನ್ನೇ ನೋಡಿದ. ಹಿರಿಯರು ತಮಾಷೆಗೆ ಹೇಳುತ್ತಿಲ್ಲವೆಂದು ಅವನಿಗೆ ತಿಳಿಯಿತು, ಯಾಕೆಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ.

"ಸರಿ, ಹೇಳಿ. ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ."

ಚಂದ್ರಹಾಸರು ಹುಟ್ಟಿದಾಗಿನಿಂದ ಯಾರಿಗೂ ಡಿಕ್ಟೇಶನ್ ಕೊಟ್ಟವರಲ್ಲ. ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲ. ಸಾಹೇಬರುಗಳು ಮಾಡುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿ ಕಿಟಕಿಯ ತನಕ ನಡೆದು, ಕೆಮ್ಮಿ, ಬಾಯಿ ತೆರೆದರು.

"ಫೈಲನ್ನು ತಾನು ದೊಡ್ಡ ಸಾಹೇಬರ ಕೈಗೇ ಕೊಟ್ಟೆನೆಂದು ಶೋಭನಾ ಹೇಳಿದಳು. ನಾನು ಕೇಳಿದ್ದೇನೆ."

ವಿಶ್ವಾಸನ ಬೆರಳು ಅಲ್ಲೇ ನಿಂತಿತು. "ಶೋಭನಾ ಯಾವ ಟೀಮು ಅಂಕಲ್?"

ಚಂದ್ರಹಾಸರ ಕಣ್ಣು ತುಂಬಿ ಕಿಟಕಿಯ ಆಚೆಯದು ಏನೂ ಕಾಣದಾಯಿತು.

"ಟೀಮಲ್ಲ ಮಾರಾಯ" ಎಂದರು. "ಮೊದಲು ಅದನ್ನು ಬರಿ. ಕಲ್ಲಪ್ಪ ಆಮೇಲೆ."