ಶಾಂತವ್ವ ಆರಿಸಿದ ಆಸ್ಪತ್ರೆ

ಆಗಸ್ಟ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಐದೂವರೆ. ಜೆ.ಪಿ. ನಗರದ ನಮ್ಮ ಮನೆಯ ಹಿತ್ತಲಲ್ಲಿ ಇದ್ದವರು ಇಬ್ಬರೇ: ಹಾಲಿನ ಪ್ಯಾಕೆಟ್ ಹಿಡಿದು ನಿಂತ ನಾನು, ಔಟ್‌ಹೌಸಿನ ಬಾಗಿಲಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಶಾಂತವ್ವ. ನಾಲ್ಕು ವರ್ಷದಿಂದ ದಿನವೂ ಕೇಳುತ್ತಿದ್ದ ಸದ್ದು ಅಂದು ಕುಂಟುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಎಡಗೈಯಲ್ಲಿ ಬಡಿಯುತ್ತಿದ್ದಾಳೆ.

"ಬಲಗೈಗೆ ಏನಾಯಿತು?"

"ಏನಿಲ್ರಿ ಅಕ್ಕೋರ. ಅದಕ್ಕೂ ಒಂದಿನ ರಜಾ ಕೊಟ್ಟೀನಿ."

ಅವಳ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅನ್ನುತ್ತಾರೆ. ನಾನು ಟೀಚರಲ್ಲ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. "ಮಕ್ಕಳಿಗೆ ಬೈದೀರಿ ಹೌದಲ್ಲೋ? ಮತ್ತ ಅಕ್ಕೋರ ಆದ್ರಿ."

ಶಾಂತವ್ವ ನವಲಗುಂದದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಂದು ಹಂಚು, ಒಂದು ಹಲಗೆ ಹೊತ್ತುಕೊಂಡು ಬೆಂಗಳೂರಿಗೆ ಬಂದು ನಮ್ಮ ಔಟ್‌ಹೌಸನ್ನು ಬಾಡಿಗೆಗೆ ಹಿಡಿದಳು. ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಉತ್ತರ ಕರ್ನಾಟಕದ ಹುಡುಗರಿಗೆ ಅವಳ ರೊಟ್ಟಿಯೇ ಆಧಾರ. ಆಫೀಸಿಗೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ ಕಟ್ಟು ಒಯ್ಯುತ್ತಿದ್ದರು. ಜೊತೆಗೆ ಬೈಗುಳವನ್ನೂ ಒಯ್ಯುತ್ತಿದ್ದರು. "ಏನೋ ತಮ್ಮಾ, ಅನ್ನಾ ಉಂಡು ಉಂಡು ಗಲ್ಲಾ ಪೂರಿ ಉಬ್ಬಿದಂಗ ಆಗ್ಯಾವಲ್ಲೋ! ನಿಮ್ಮವ್ವ ನೋಡಿದ್ರ ಗುರ್ತಾ ಹಿಡೀತಾಳೇನು?" ದಿನದ ಮೊದಲ ರೊಟ್ಟಿಯನ್ನು ಅವಳೇ ಮುರಿದು ತಿನ್ನಬೇಕು, ಅಲ್ಲಿಯವರೆಗೆ ಒಂದೂ ಹೊರಗೆ ಹೋಗುವಂತಿಲ್ಲ. ಜೋಳ ಕೊಳ್ಳುವಾಗಲೂ ಅಷ್ಟೇ. ಅಂಗಡಿಯವನು ಏನೇ ಹೊಗಳಲಿ, ಮೂರು ಕಾಳು ಬಾಯಿಗೆ ಹಾಕಿ ಕಡಿಯುತ್ತಿದ್ದಳು. ಅವನ ಮಾತು ಮುಗಿಯುವುದರೊಳಗೆ ಇವಳ ತೀರ್ಮಾನ ಆಗಿರುತ್ತಿತ್ತು.

ಆ ಬೆಳಿಗ್ಗೆ ಬಲಗೈ ಎತ್ತಲು ಹೇಳಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. ಒಳಗೆ ಕರೆದುಕೊಂಡು ಹೋಗಿ ನೋಡಿದೆ. ಎದೆಯಲ್ಲಿ ಒಂದು ಗಂಟು, ಕಂಕುಳಲ್ಲಿ ಇನ್ನೊಂದು. ಯುಗಾದಿಯಿಂದಲೂ ಇದೆಯಂತೆ. ನೋವಿಲ್ಲ ಅಂತ ಸುಮ್ಮನಿದ್ದಳಂತೆ.

ಮರುದಿನವೇ ಕರೆದೊಯ್ದು ಪರೀಕ್ಷೆ ಮಾಡಿಸಿದೆ. ಹತ್ತು ದಿನದಲ್ಲಿ ರಿಪೋರ್ಟ್ ಬಂತು. ಡಾಕ್ಟರು ಕನ್ನಡದಲ್ಲಿಯೇ, ನಿಧಾನವಾಗಿ ಹೇಳಿದರು: ಇದು ಕ್ಯಾನ್ಸರ್, ಸ್ತನ ತೆಗೆಯಬೇಕು, ಕಂಕುಳ ಗಂಟುಗಳನ್ನೂ ತೆಗೆಯಬೇಕು, ಕೈ ಬಿಗಿಯಬಹುದು, ಊದಬಹುದು. ಶಾಂತವ್ವ ಕೊನೆಯ ಮಾತಿಗೆ ಮಾತ್ರ ತಲೆ ಎತ್ತಿದಳು.

"ಮದಲಿಂದು ತಗೀರಿ. ಅದರ ಕೆಲಸ ಮುಗದೈತಿ. ಕೈ ಬಿಗದ್ರ ನಾ ಏನ್ ಮಾಡ್ಲಿ?"

ಅವತ್ತಿನಿಂದ ನಮ್ಮ ಮುಂದಿದ್ದ ಪ್ರಶ್ನೆ ಒಂದೇ: ಎಲ್ಲಿ ಮಾಡಿಸುವುದು? ಅವಳ ತಮ್ಮ ಬಸವರಾಜ ಹುಬ್ಬಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟವನು. ಎಸ್‌ಟಿಡಿ ಬೂತಿನಿಂದ ನಾವು ಫೋನ್ ಮಾಡಿದಾಗ, ಇಲ್ಲಿಗೇ ಬಾ ಎಂದು ಹಟ ಹಿಡಿದ. ಇವಳು ರಿಸೀವರಿಗೆ ಕೂಗಿದಳು: "ನಿನ್ನ ಹೇಂತಿ ನನ್ನ ಮಾರಿ ನೋಡಿ ಅಳಾಕ ಕುಂದರ್ತಾಳ. ನಾ ಆಕೀನ ಸಮಾಧಾನ ಮಾಡ್ಲ್ಯೋ, ಔಷಧ ತಗೊಳ್ಲ್ಯೋ?"

ಉಳಿದವು ಎರಡು. ಒಂದು, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ಹೊಸ ಖಾಸಗಿ ಆಸ್ಪತ್ರೆ. ಇನ್ನೊಂದು, ಎರಡು ಬಸ್ಸು ಬದಲಿಸಿ ಹೋಗಬೇಕಾದ ಸರ್ಕಾರಿ ಆಸ್ಪತ್ರೆ. ನಾನು ಹಾಳೆಗೆ ಗೆರೆ ಎಳೆದು ದೂರ, ಕಾಯುವ ಸಮಯ, ಡಾಕ್ಟರ ಅನುಭವ, ಶುಚಿ ಎಂದು ಬರೆದು ಅಂಕ ಹಾಕಿದೆ. ಖಾಸಗಿ ಆಸ್ಪತ್ರೆ ಗೆದ್ದಿತು. ಬಿ.ಟಿ.ಎಂ. ಹುಡುಗರು ಖರ್ಚಿಗೆ ನಾವಿದ್ದೇವೆ ಎಂದರು. ಸ್ಕ್ಯಾನಿಂಗಿಗೆ ದಿನ ಗೊತ್ತು ಮಾಡಿದೆ.

ಅಂದು ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಬಟ್ಟೆ ಬದಲಿಸುವ ಕೋಣೆಯಲ್ಲಿ ನರ್ಸ್, ಮೈಮೇಲಿನದೆಲ್ಲ ತೆಗೆಯಿರಿ ಎಂದಳು. ಶಾಂತವ್ವ ಬಳೆ, ಉಂಗುರ, ಓಲೆ ತೆಗೆದಳು. ಕೊನೆಗೆ ಕೊರಳಿನ ಬೆಳ್ಳಿಯ ಕರಡಿಗೆಯನ್ನು, ಒಳಗಿನ ಇಷ್ಟಲಿಂಗದ ಸಮೇತ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಹಿಡಕೊಂಡಿರ್ರಿ ಅಕ್ಕೋರ."

ಅವಳು ಒಳಗೆ ಹೋದಳು. ನಾನು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ, ಹೆಸರು ಬರೆದು, ಬೆಲೆಬಾಳುವ ವಸ್ತುಗಳ ಕೌಂಟರಿನಲ್ಲಿ ಕೊಟ್ಟು ರಸೀತಿ ಪಡೆದೆ. ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ. ಹಿಡಿದುಕೊಂಡಿರಿ ಎಂದರೆ ಹಿಡಿದುಕೊಂಡೇ ಇರಬೇಕೆಂದು ನನಗೆ ಹೊಳೆಯಲಿಲ್ಲ.

ಅವಳು ಹೊರಗೆ ಬರುವಾಗ ಎರಡೂವರೆ. ಕೌಂಟರ್ ಎರಡಕ್ಕೇ ಮುಚ್ಚಿತ್ತು. ಬೀರುವಿನ ಬೀಗದ ಕೈ ಇದ್ದವರು ಮನೆಗೆ ಹೋಗಿದ್ದರು. ನಾಳೆ ಎಂಟಕ್ಕೆ ಬನ್ನಿ ಎಂದರು. ಸ್ಕ್ಯಾನಿಂಗ್ ಆದ ಮೇಲೆ ಚೆನ್ನಾಗಿ ನೀರು ಕುಡಿಯಬೇಕೆಂದು ನರ್ಸ್ ಹೇಳಿದ್ದಳು. ಲೋಟ ಹಿಡಿದೆ. ಶಾಂತವ್ವ ತಲೆ ಅಲ್ಲಾಡಿಸಿದಳು. ಲಿಂಗ ಮೈಮೇಲೆ ಇಲ್ಲದೆ ಅವಳು ನೀರೂ ಮುಟ್ಟುವವಳಲ್ಲ.

ನಾನು ಕಚೇರಿಯಿಂದ ಕಚೇರಿಗೆ ಓಡಾಡಿದೆ, ಕೂಗಾಡಿದೆ. ಪ್ರಯೋಜನವಾಗಲಿಲ್ಲ. ಮನೆಗೆ ಬಂದು ನಾನೂ ಊಟಕ್ಕೆ ಏಳದಿದ್ದಾಗ ಅವಳು ಔಟ್‌ಹೌಸಿನಿಂದಲೇ ಕೇಳಿದಳು: "ನೀವ್ಯಾಕ ಉಪಾಸ ಅಕ್ಕೋರ? ನಿಮಗ ಲಿಂಗೂ ಇಲ್ಲ, ಗಂಟೂ ಇಲ್ಲ. ಸುಮ್ನ ಉಣ್ರಿ."

ಮರುದಿನ ಎಂಟಕ್ಕೆ ಚೀಲ ಸಿಕ್ಕಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡಳು, ಎರಡು ಲೋಟ ನೀರು ಕುಡಿದಳು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಬೇರೆಯೇ ಮಾತು ತೆಗೆದಳು. "ಇದು ನಿಮ್ಮ ತಪ್ಪೂ ಅಲ್ಲ, ಇವರ ತಪ್ಪೂ ಅಲ್ಲ. ಆದ್ರ ಆಪರೇಶನ್ ಎಲ್ಲಿ ಅನ್ನೂದನ್ನ ನಾ ನೋಡ್ತೀನಿ. ನೀವು ಡಾಕ್ಟರನ್ನ ನೋಡೀರಿ, ಕಟ್ಟಡಾ ನೋಡೀರಿ. ಆಪರೇಶನ್ ಆದ ಹೆಂಗಸರನ್ನ ನೋಡೀರೇನು?"

ನೋಡಿರಲಿಲ್ಲ.

ಮುಂದಿನ ವಾರ ಶಾಂತವ್ವ ರೊಟ್ಟಿ ಕೆಲಸ ಮುಗಿಸಿ ಎರಡೂ ಆಸ್ಪತ್ರೆಗಳಿಗೆ ಹೋಗಿ ಒಂದೊಂದು ದಿನ ಕೂತಳು. ಕೈಯಲ್ಲಿ ಚೀಟಿ ಇಲ್ಲ, ಟೋಕನ್ ಇಲ್ಲ. ಮಡಿಲಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ನಾನು ಪಕ್ಕದಲ್ಲಿ. ಖಾಸಗಿ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಒಬ್ಬರೂ ಅವಳ ಜೊತೆ ಮಾತಾಡಲಿಲ್ಲ. "ಎಲ್ಲಾರೂ ಗಾಜಿನ ಕಪಾಟಿನ್ಯಾಗ ಇಟ್ಟಾಂಗ ಕುಂತಾರ್ರಿ. ಯಾರನ್ನ ಕೇಳೂದು?" ಎಂದು ಎದ್ದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಕೂರಲು ಜಾಗವೇ ಇರಲಿಲ್ಲ. ಫಿನಾಯಿಲ್ ವಾಸನೆ, ಸಾಲು, ಕೂಗು. ನನ್ನ ಹಾಳೆಯಲ್ಲಿ ಅದಕ್ಕೆ ಸೊನ್ನೆ ಬಿದ್ದದ್ದು ಸರಿಯೇ ಅನ್ನಿಸಿತು. ಶಾಂತವ್ವ ಜನರನ್ನು ಸರಿಸಿಕೊಂಡು ಡ್ರೆಸಿಂಗ್ ಕೋಣೆಯ ಮುಂದಿನ ಕಾರಿಡಾರಿಗೆ ನಡೆದಳು. ಅಲ್ಲಿ ಆರೇಳು ಹೆಂಗಸರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಬ್ಬೊಬ್ಬರೂ ಆಪರೇಶನ್ ಆದ ಕಡೆಯ ಕೈಯ ಎರಡು ಬೆರಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಹತ್ತಿಸುತ್ತಿದ್ದರು. ಇನ್ನು ಆಗದು ಎನ್ನುವಲ್ಲಿ ಹಿರಿಯ ಸಿಸ್ಟರ್ ಒಬ್ಬರು ಪೆನ್ಸಿಲಿನಿಂದ ಗೀಟು ಹಾಕಿ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದರು. ಹಸಿರು ಎಣ್ಣೆಬಣ್ಣದ ಆ ಗೋಡೆ ಸೊಂಟದಿಂದ ತಲೆಯ ಮೇಲಿನವರೆಗೂ ಗೀಟುಗಳಿಂದ ತುಂಬಿತ್ತು.

"ಇವತ್ತು ಒಂದು ಬೆರಳು ಮೇಲೆ ಹೋಗ್ಲೇಬೇಕು, ಲಕ್ಷ್ಮಮ್ಮ. ನಿನ್ನೆ ಇಲ್ಲೇ ಅತ್ತಿದ್ದು, ಇವತ್ತೂ ಇಲ್ಲೇ ಅಳ್ತೀರಾ?" ಎಂದು ಸಿಸ್ಟರ್ ಗದರಿಸುತ್ತಿದ್ದರು. ಅವರ ಹೆಸರು ಫಿಲೋಮಿನಾ.

ಶಾಂತವ್ವ ತಪಾಸಣೆಗೆ ಬಂದಿದ್ದ ಮಂಡ್ಯದ ಹೆಂಗಸೊಬ್ಬಳ ಕೈಯಲ್ಲಿ ರೊಟ್ಟಿ ಇಟ್ಟು ಕೇಳಿದಳು: "ಯವ್ವಾ, ನಿನಗ ಆಪರೇಶನ್ ಆಗಿ ಎಷ್ಟ ದಿನಾ ಆತು?"

"ಮೂರು ವರ್ಷ ಆಯ್ತು ಕಣಕ್ಕ."

"ಕೈ ಎತ್ತು ನೋಡೂಣು."

ಅವಳು ರೊಟ್ಟಿ ಹಿಡಿದ ಕೈಯನ್ನೇ ನೇರ ಮೇಲೆತ್ತಿದಳು. ಶಾಂತವ್ವ ಇನ್ನೂ ನಾಲ್ವರ ಕೈ ಎತ್ತಿಸಿದಳು. ಒಬ್ಬಳದು ಊದಿತ್ತು, ಅವಳ ಹತ್ತಿರ ಹೆಚ್ಚು ಹೊತ್ತು ಕೂತು, ವ್ಯಾಯಾಮ ಬಿಟ್ಟದ್ದು ಯಾವಾಗ, ಯಾಕೆ ಎಂದು ಬಿಡಿಸಿ ಕೇಳಿದಳು. ಆಮೇಲೆ ನನ್ನ ಬಳಿ ಬಂದು, "ನಂದೂ ಹೆಸರು ಇದಽ ಗ್ವಾಡಿ ಮ್ಯಾಲ ಬರೀಲಿ, ಅಕ್ಕೋರ," ಎಂದಳು. ನಾನು ನನ್ನ ಹಾಳೆಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಆಪರೇಶನ್ನಿನ ದಿನ ಫಿಲೋಮಿನಾ ಸಿಸ್ಟರ್ ಡಾಕ್ಟರನ್ನು ಕೇಳಿ, ಲಿಂಗವನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ಅವಳ ಎಡ ಮುಂಗೈಗೆ ಕಟ್ಟಿದರು. ಮುಂದಿನ ತಿಂಗಳುಗಳು ಸುಲಭವಾಗಿರಲಿಲ್ಲ. ಕೂದಲು ಹೋಯಿತು, ಜೋಳದ ವಾಸನೆಗೇ ವಾಂತಿ ಬರುತ್ತಿತ್ತು. ಆದರೂ ದಿನಕ್ಕೆ ಮೂರು ಸಲ ಬೆರಳುಗಳಿಂದ ನಮ್ಮ ಹಿತ್ತಲ ಗೋಡೆ ಹತ್ತಿದಳು. ನಾನು ಗಡಿಯಾರ ನೋಡಿ ಕೂಗುವುದು, ಅವಳು "ಬಂದ್ರೇನ್ರಿ ಜೇಲರಮ್ಮಾ" ಎಂದು ಬೈಯುವುದು. ಯುಗಾದಿಗೆ ಮುಂಚೆ ಬಲಗೈ ರೊಟ್ಟಿ ಬಡಿಯಿತು. ಆಮೇಲೆ ಆರು ವರ್ಷ ಬಡಿಯಿತು.

ಏಳನೆಯ ವರ್ಷ ಬೆನ್ನುನೋವು ಶುರುವಾಯಿತು. ರೋಗ ಮೂಳೆಗೆ ಇಳಿದಿತ್ತು. ಡಾಕ್ಟರು ಮುಚ್ಚಿಡಲಿಲ್ಲ: ಗುಣವಾಗುವುದಿಲ್ಲ, ಮಾತ್ರೆಯಿಂದ ನೋವು ತಗ್ಗಿಸಬಹುದು, ಮಹಿಳಾ ವಾರ್ಡಿನಲ್ಲಿ ಒಂದು ಹಾಸಿಗೆ ಇವಳ ಹೆಸರಿಗೆ ಇಡಿಸುತ್ತೇನೆ. ಅವಳು ಕೇಳಿದ್ದು ಒಂದೇ: ಆ ಮಾತ್ರೆ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ? ಸಿಗುತ್ತದೆ ಎಂದರು.

"ಹಂಗಾರ ನಾ ಅಲ್ಲಿಗೆ ಹೊಂಟೆ," ಎಂದಳು ಮನೆಗೆ ಬಂದ ಮೇಲೆ. ನಾನು ವಾದ ಮಾಡಿದೆ. "ಅಕ್ಕೋರ, ಇನ್ನ ನನ್ನ ಎತ್ತಿ ಕುಂದರಸಬೇಕು. ನಿಮಗ ಎಪ್ಪತ್ತು ಹತ್ರ ಬಂತು. ಅಲ್ಲಿ ನಾಕ ಮಂದಿ ಅದಾರ." ಮತ್ತೆ, "ಆ ಹಾಸಿಗಿ ಖಾಲಿ ಇಡಬ್ಯಾಡ ಅಂತ ಸಿಸ್ಟರಿಗೆ ಹೇಳ್ರಿ. ಮರೀಬ್ಯಾಡ್ರಿ," ಎಂದಳು.

ಬಸವರಾಜ ಒಂದು ಶನಿವಾರ ಬೆಳಿಗ್ಗೆ ವ್ಯಾನ್ ತಂದ. ಹಿಂದಿನ ಸೀಟಿನಲ್ಲಿ ಹಾಸಿ ಮಲಗಿಸಿದೆವು. ಹಂಚು, ಹಲಗೆಯನ್ನು ಬಿ.ಟಿ.ಎಂ. ಕಡೆಯ ಒಬ್ಬ ಹೆಂಗಸಿಗೆ ಹಿಂದಿನ ದಿನವೇ ಕೊಟ್ಟಿದ್ದಳು. ನಾನು ಕಿಟಕಿಯ ಬಳಿ ಬಗ್ಗಿದೆ. "ಔಟ್‌ಹೌಸ್ ಯಾರಿಗರ ಕೊಡೂದಿದ್ರ ಅನ್ನಾ ಉಣ್ಣಾವರಿಗೆ ಕೊಡ್ರಿ ಅಕ್ಕೋರ. ನಿಮಗ ಹೊಗಿ ತಪ್ಪತೈತಿ," ಎಂದು ನಕ್ಕಳು. ವ್ಯಾನ್ ಹೊರಟಿತು. ಐದು ವಾರ ಕಳೆದು ಬಸವರಾಜನ ಫೋನ್ ಬಂತು. ಅದು ಆಮೇಲಿನ ಮಾತು.

ವ್ಯಾನ್ ಹೊರಟ ಆ ಬೆಳಿಗ್ಗೆಯೇ ನಾನು ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿ ಅವಳ ಮಾತು ತಿಳಿಸಿದೆ. ಫಿಲೋಮಿನಾ ಸಿಸ್ಟರ್ ಹಾಸಿಗೆಗಳ ಪಟ್ಟಿ ತೆರೆದು ಶಾಂತವ್ವನ ಹೆಸರಿನ ಮೇಲೆ ಗೆರೆ ಎಳೆದರು. ಆಮೇಲೆ ಬಾಗಿಲಾಚೆ ಬೆಂಚಿನ ಮೇಲೆ ಎರಡು ದಿನದಿಂದ ಕಾಯುತ್ತಿದ್ದ ಹೆಂಗಸನ್ನು ಕರೆದರು. ಅವಳ ಗಂಡ ಔಷಧಿ ತರಲು ಹೋಗಿದ್ದ. ಏಳಲು ಕಷ್ಟಪಡುತ್ತಿದ್ದಳು. ನಾನು ಅವಳ ಚೀಲ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ತೋಳು ಹಿಡಿದು ವಾರ್ಡಿನೊಳಗೆ ನಡೆಸಿದೆ. ಒಗೆದ ಚಾದರ ಹಾಸಿ ನಾಲ್ಕೂ ಮೂಲೆ ಎಳೆದು ಹಾಸಿಗೆಯ ಕೆಳಗೆ ಸಿಕ್ಕಿಸಿದೆ. ಅವಳು ಮಲಗಿದಳು. ಚೀಲವನ್ನು ಮಂಚದ ಕೆಳಗೆ ಸರಿಸಿದಾಗ ಹನ್ನೊಂದೂವರೆ.